ಬರಬೇಕಾದ ಪಿಸ್ತೂಲು

ಅಂಗಡಿಗೆ ಹೋಗಿ ಕಣ್ಣಿಗೆ ಬಿದ್ದ ಮೊದಲ ಮಿಕ್ಸರನ್ನು ಬಗಲಲ್ಲಿಟ್ಟುಕೊಂಡು ಮನೆಗೆ ಬರುವ ಜನರನ್ನು ನಾನು ನೋಡಿದ್ದೇನೆ. ಅವರು ಆ ಮಿಕ್ಸರಿನಲ್ಲಿ ಶೇಂಗಾ ಚಟ್ನಿ ಅರೆದು, ಹೊಟ್ಟೆ ತುಂಬ ಉಂಡು, ಸುಖವಾಗಿ ಮಲಗುತ್ತಾರೆ. ದೇವರು ನನ್ನನ್ನು ಆ ಪೈಕಿ ಹುಟ್ಟಿಸಲಿಲ್ಲ. ನನಗೆ ಎರಡು ವಸ್ತುಗಳನ್ನು ಎದುರಿಗಿಟ್ಟರೆ ಮೂರನೆಯದರ ಚಿಂತೆ ಹತ್ತುತ್ತದೆ. ಶಹಾಬಾದಿನ ಬೇಸಿಗೆಗೆಂದು ಕೂಲರ್ ನೋಡಲು ಹೊರಟವನು, ಯಾವ ಕೂಲರಿನ ಹುಲ್ಲು ಚೊಲೋ, ಯಾವುದರ ಮೋಟಾರು ಗದ್ದಲ ಕಡಿಮೆ ಎಂದು ವಿಚಾರಿಸಿ ಮುಗಿಸುವಷ್ಟರಲ್ಲಿ ಮಳೆ ಬಂದು ನೆಲ ತಂಪಾಗಿತ್ತು. ಕೊಳ್ಳುವವರಿಗೆ ಒಂದು ದಿನದ ದಣಿವು. ಹೋಲಿಸುವವರಿಗೆ ವರ್ಷದ ದಣಿವು. ಇಂಥವನ ತಲೆಗೆ ಒಂದು ಪಿಸ್ತೂಲು ಆರಿಸುವ ಕೆಲಸ ಬಿದ್ದರೆ ಏನಾಗಬೇಕೋ ಅದೇ ಆಯಿತು.

ಪಿಸ್ತೂಲು ಎಂದ ಕೂಡಲೇ ಗಾಬರಿಯಾಗಬೇಡಿ. ನಾನು ಚಿತ್ತಾಪುರದ ಕಾಲೇಜಿನಲ್ಲಿ ವಾಣಿಜ್ಯ ಕಲಿಸುವ ಬಡಪಾಯಿ. ನನ್ನ ಹೆಂಡತಿ ಮಹಾದೇವಿ ಶಹಾಬಾದಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಮೊಣಕಾಲು ಕೈಕೊಟ್ಟು ಕಬಡ್ಡಿ, ಖೋಖೋ ಎಲ್ಲ ಬಿಟ್ಟ ಮೇಲೆ, ಒಂದು ತರಬೇತಿ ಶಿಬಿರದಲ್ಲಿ ಯಾರೋ ಆಕೆಯ ಕೈಗೆ ಗಾಳಿ ಪಿಸ್ತೂಲು ಕೊಟ್ಟರು. ಒತ್ತಿ ತುಂಬಿದ ಗಾಳಿಯಿಂದ ಸಣ್ಣ ಸೀಸದ ಗುಂಡು ಹಾರಿ ಹತ್ತು ಮೀಟರ್ ದೂರದ ಕಾಗದಕ್ಕೆ ತೂತು ಮಾಡುವ ಪಿಸ್ತೂಲು ಅದು. ನಿಂತಲ್ಲೇ ನಿಂತು ಆಡುವ ಆಟ ಆಕೆಗೆ ಹಿಡಿಸಿತು. ಹೈದರಾಬಾದಿನಲ್ಲಿ ಆಟ ಬಿಟ್ಟವರೊಬ್ಬರಿಂದ ಒಂದು ಹಳೆಯ ಪಿಸ್ತೂಲನ್ನೂ ತಂದುಕೊಂಡಳು. ಮನೆಯ ಹಿಂದೆ ನಮ್ಮಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರ ಮಾಡುತ್ತಿದ್ದ ಕಾಲದ ಉದ್ದನೆಯ ಗೋದಾಮು ಖಾಲಿ ಬಿದ್ದಿತ್ತು. ಮಾರಾಟವಾಗದೆ ಉಳಿದ ನಾಲ್ಕು ಫರಸಿಗಳನ್ನು ಒಂದು ತುದಿಗೆ ಒರಗಿಸಿ, ಮುಂದೆ ಗೋಣಿಚೀಲ ಕಟ್ಟಿ, ಅದರ ಮೇಲೆ ಕಾಗದ ಅಂಟಿಸಿದಳು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಪೂಜೆ ಮುಗಿಸಿ ಆಕೆ ಗೋದಾಮಿಗೆ ಹೋದಳೆಂದರೆ ಟಪ್, ಟಪ್ ಎಂಬ ಸದ್ದು. ಆ ಸದ್ದಿಗೇ ನಾನು ಏಳುವುದು.

ಈ ಆಟದಲ್ಲಿ ನನಗೂ ಒಂದು ಸ್ಥಾನವಿದೆ. ಗಾಳಿ ತುಂಬುವವನು ನಾನು. ಸೈಕಲ್ ಪಂಪಿನ ದೊಡ್ಡಪ್ಪನಂಥ ಒಂದು ಪಂಪು ಇದೆ. ಮೊದಮೊದಲು ಅದು ಸಭ್ಯವಾಗಿ ಕೆಳಗಿಳಿಯುತ್ತದೆ. ಪಿಸ್ತೂಲಿನ ಗಾಳಿ ಸಿಲಿಂಡರು ತುಂಬುತ್ತ ಬಂದಂತೆ ಮೊಂಡಾಗುತ್ತದೆ. ಕಡೆಗೆ ಹಿಡಿಕೆಯ ಮೇಲೆ ಹೊಟ್ಟೆ ಇಟ್ಟು ಎರಡೂ ಕಾಲು ಎತ್ತಿ ತೂಗಾಡಿದರೂ ಇಳಿಯುವುದಿಲ್ಲ. ಹಿತ್ತಲಿನಿಂದ ಪಕ್ಕದ ಮನೆಯವರು ಈ ದೃಶ್ಯವನ್ನು ನೋಡಿ, ಮಾಸ್ತರರಿಗೆ ಏನೋ ಯೋಗದ ಹುಚ್ಚು ಹಿಡಿದಿದೆ ಎಂದು ತಿಳಿದಿದ್ದರು. ನಾನು ತಿದ್ದಲು ಹೋಗಲಿಲ್ಲ.

ಹೋದ ವರ್ಷ ಆಕೆಯ ಗುಂಡುಗಳು ದಾರಿ ತಪ್ಪತೊಡಗಿದವು. ಕಾಗದದ ನಡುವಿನ ಕರಿ ಚುಕ್ಕೆಯ ಸುತ್ತ ಗುಂಪಾಗಿ ಬೀಳುತ್ತಿದ್ದಂಥವು ಈಗ ಮೂಲೆಮೂಲೆಗೆ ಹೋಗಲಾರಂಭಿಸಿದವು. ಪಿಸ್ತೂಲು ಹಳೆಯದಾಗಿದೆ ಎಂದಳು ಆಕೆ. ಹೌದು, ಭಾಳ ಹಳೆಯದಾಗಿದೆ ಎಂದೆ ನಾನು. ಹೀಗೆ ಗಂಡ ಹೆಂಡತಿ ಒಂದೇ ಮಾತಿಗೆ ಒಪ್ಪುವುದು ನಮ್ಮ ಮನೆಯಲ್ಲಿ ಅಪರೂಪ. ಆಗಲೇ ಸಂಶಯ ಬರಬೇಕಿತ್ತು.

ಹೊಸದನ್ನು ಆರಿಸುವ ಹೊಣೆ ನಾನು ಹೊತ್ತುಕೊಂಡೆ. ಜೊತೆಗೆ ಸಿಕ್ಕವರು ಗಫೂರ್ ಭಾಯಿ. ವಾಡಿಯಲ್ಲಿ ಅವರದು ಔಷಧದ ಅಂಗಡಿ. ಅವರೂ ಗಾಳಿ ಪಿಸ್ತೂಲಿನ ಆಟಗಾರರೇ, ಆದರೆ ಹೊಡೆಯುವುದಕ್ಕಿಂತ ಮಾತಾಡುವುದರಲ್ಲಿ ಅವರ ಗುರಿ ಚೊಲೋ. ಶಹಾಬಾದಿನಿಂದ ಕಾಲೇಜಿಗೆ ಹೋಗಲು ನಾನು ದಿನಾ ವಾಡಿಯಲ್ಲಿ ರೈಲುಗಾಡಿ ಬದಲಿಸುವವನು. ನಡುವಿನ ಹೊತ್ತು ಅವರ ಅಂಗಡಿಯ ಸ್ಟೂಲಿನ ಮೇಲೆ ಕಳೆಯುತ್ತಿತ್ತು. ನಮ್ಮ ಮುಂದೆ ಎರಡು ವಿದೇಶಿ ಪಿಸ್ತೂಲುಗಳಿದ್ದವು, ಅಂದರೆ ಮೊಬೈಲಿನಲ್ಲಿ. ಒಂದಕ್ಕೆ ‘ಕರಿಯದು’ ಎಂದೂ ಇನ್ನೊಂದಕ್ಕೆ ‘ಕೆಂಪು ಹಿಡಿಕೆಯದು’ ಎಂದೂ ಹೆಸರಿಟ್ಟಿದ್ದೆವು. ಕರಿಯದರ ಟ್ರಿಗರು ಬೆಣ್ಣೆಯ ಹಾಗೆ, ಆದರೆ ಮೂತಿ ಭಾರ. ಕೆಂಪು ಹಿಡಿಕೆಯದು ಕೈಗೆ ಹಗುರ, ಆದರೆ ಗುಂಡು ಹಾರಿದಾಗ ಒಂದು ಕೂದಲೆಳೆಯಷ್ಟು ಮೇಲೆ ಜಿಗಿಯುತ್ತದಂತೆ. ಇಬ್ಬರೂ ಆ ಎರಡನ್ನೂ ಒಮ್ಮೆಯೂ ಮುಟ್ಟಿದವರಲ್ಲ. ಆದರೂ ಕೂದಲೆಳೆಯ ಬಗ್ಗೆ ನಮಗೆ ಸ್ಪಷ್ಟ ಅಭಿಪ್ರಾಯವಿತ್ತು. ಕೆಮ್ಮಿನ ಔಷಧಕ್ಕೆ ಬಂದವರು ನಮ್ಮ ಚರ್ಚೆ ಮುಗಿಯಲೆಂದು ಕೆಮ್ಮುತ್ತ ನಿಲ್ಲುತ್ತಿದ್ದರು.

ಇನ್ನೇನು ಕರಿಯದೇ ಗಟ್ಟಿ ಎನ್ನುವ ಹೊತ್ತಿಗೆ, ಆ ಕಂಪನಿಯವರು ಹೊಸ ಮಾಡೆಲ್ ತರಲಿದ್ದಾರೆಂಬ ಸುದ್ದಿ ಬಂತು. ಸುದ್ದಿಯ ಜೊತೆ ಒಂದು ಮಸುಕು ಫೋಟೋ. ಯಾರೋ ದೂರದಿಂದ, ಇನ್ಯಾರದೋ ಹೆಗಲ ಸಂದಿಯಿಂದ ತೆಗೆದದ್ದು. ನಾವು ಅದನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆವು. ಹಿಗ್ಗಿಸಿದಷ್ಟೂ ಅದು ಮಂಜಾಯಿತು, ಮಂಜಾದಷ್ಟೂ ನಮಗೆ ಹೆಚ್ಚು ಕಂಡಿತು. ನಳಿಗೆ ಗಿಡ್ಡ ಮಾಡಿದ್ದಾರೆ ಎಂದರು ಗಫೂರ್ ಭಾಯಿ. ತೂಕವನ್ನು ಹಿಂದಕ್ಕೂ ಮುಂದಕ್ಕೂ ಸರಿಸಿಕೊಳ್ಳುವ ಕಂಬಿ ಇಟ್ಟಿದ್ದಾರೆ ಎಂದೆ ನಾನು. ಕೈ ಎಷ್ಟೇ ಅಲುಗಿದರೂ ಮೂತಿ ಅಲುಗದ ಹಾಗೆ ಒಳಗೆ ಏನೋ ವ್ಯವಸ್ಥೆ ಇರಬೇಕೆಂದು ನಾನೇ ಊಹಿಸಿ, ಒಂದು ವಾರದ ನಂತರ ಅದನ್ನು ಎಲ್ಲೋ ಓದಿದೆನೆಂದು ನಾನೇ ನಂಬಿದೆ.

ಒಂದು ದಿನ ಗಫೂರ್ ಭಾಯಿ ಏನೋ ಕೆಲಸವಿತ್ತೆಂದು ನನ್ನ ಜೊತೆ ಚಿತ್ತಾಪುರದ ಗಾಡಿ ಹತ್ತಿದರು. ಕಿಟಕಿಯ ಬಳಿ ಕೂತು, ಈ ತಿಂಗಳು ಪಿಸ್ತೂಲು ಬಂದರೆ ಮುಂದಿನ ತಿಂಗಳು ಹೊಡೆಯಬಹುದು, ಒಂದೇ ಏಟಿಗೆ ನಡುವಿಗೇ ಬೀಳಬೇಕು ಎಂದು ಮಾತಾಡಿಕೊಂಡೆವು. ಎದುರಿನ ಸೀಟಿನವರು ಬುತ್ತಿ ಕಟ್ಟಿಕೊಂಡು ಎದ್ದರು. ಅವರ ಹಿಂದೆ ಇನ್ನಿಬ್ಬರು. ಸೀಟು ಖಾಲಿಯಾಗಿದ್ದಕ್ಕೆ ನಾವು ಖುಷಿಯಿಂದ ಕಾಲು ಚಾಚಿದೆವು. ಚಿತ್ತಾಪುರದಲ್ಲಿ ಇಳಿದಾಗ ರೈಲ್ವೆ ಪೊಲೀಸರೊಬ್ಬರು ಕಾದಿದ್ದರು. ಯಾರನ್ನು ಹೊಡೆಯುವವರಿದ್ದೀರಿ ಎಂದು ಮೆಲ್ಲಗೆ ಕೇಳಿದರು. ಕಾಗದವನ್ನು ಎಂದೆ. ನನ್ನ ಗುರುತಿನ ಚೀಟಿ, ಚೀಲದಲ್ಲಿದ್ದ ಉತ್ತರಪತ್ರಿಕೆಗಳ ಕಟ್ಟು, ಗಫೂರ್ ಭಾಯಿಯ ಕೈಯಲ್ಲಿದ್ದ ಗ್ಲೂಕೋಸ್ ಬಾಟಲಿ ಎಲ್ಲ ನೋಡಿ ಅವರಿಗೂ ಬೇಸರವಾಯಿತು. ಆ ಮೇಲೆ ಮೊಬೈಲಿನಲ್ಲಿ ಮಸುಕು ಫೋಟೋ ತೋರಿಸಿದೆವು. ಅವರೂ ಹಿಗ್ಗಿಸಿ ನೋಡಿ, ನಳಿಗೆ ಗಿಡ್ಡ ಆಗಿಲ್ಲ, ಫೋಟೋ ಓರೆಯಾಗಿದೆ ಎಂದರು. ಗಫೂರ್ ಭಾಯಿ ಅದನ್ನು ಒಪ್ಪಲಿಲ್ಲ. ನನಗೆ ಮೊದಲ ಪಿರಿಯಡ್ಡು ತಪ್ಪಿತು.

ಹೀಗೆ ನಾವು ಕಾಯುತ್ತಿದ್ದಾಗ ಮಹಾದೇವಿ ಹಳೆಯದರಲ್ಲೇ ಹೊಡೆಯುತ್ತಿದ್ದಳು. ಆಗಾಗ, ಬರಬೇಕಾದ್ದು ಎಲ್ಲಿಗೆ ಬಂತು ಎಂದು ಕೇಳುತ್ತಿದ್ದಳು. ನಾನು ಕೈ ಅಲುಗಿದರೂ ಅಲುಗದ ಆ ವ್ಯವಸ್ಥೆಯ ಬಗ್ಗೆ ಉತ್ಸಾಹದಿಂದ ಹೇಳುತ್ತಿದ್ದೆ. ಆಕೆ ಕೇಳಿಸಿಕೊಂಡು ಚಹಾ ತರಲು ಒಳಗೆ ಹೋಗುತ್ತಿದ್ದಳು. ಇತ್ತೀಚೆಗೆ ಆಕೆ ಚಹಾದ ಕಪ್ಪನ್ನು ಬಸಿಯಿಲ್ಲದೆ ಕೊಡುತ್ತಿದ್ದಳು. ಬಸಿಯಿದ್ದರೆ ಕಪ್ಪು ಅದರ ಮೇಲೆ ಕಿಣಿಕಿಣಿ ಅನ್ನುತ್ತದೆ. ಅದು ನನಗೆ ಕಾಣದೆ ಇರಲಿಲ್ಲ. ಕಂಡದ್ದರಿಂದಲೇ ನಾನು ಪಿಸ್ತೂಲಿನ ತೂಕದ ಬಗ್ಗೆ ಅಷ್ಟು ಓದುತ್ತಿದ್ದೆನೋ ಏನೋ.

ಕಲಬುರಗಿಯಲ್ಲಿ ವಿಭಾಗ ಮಟ್ಟದ ಸ್ಪರ್ಧೆ ಬಂತು. ಅದರಲ್ಲಿ ಗೆದ್ದವರು ರಾಜ್ಯ ತಂಡದ ಆಯ್ಕೆಗೆ ಹೋಗುತ್ತಾರೆ. ಆಕೆ ಎರಡು ವರ್ಷ ಅದರ ಅಂಚಿಗೆ ಹೋಗಿ ಮರಳಿದ್ದಳು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಆಕೆ ಕೈ ಎತ್ತಿದಳು, ಗುರಿ ಹಿಡಿದಳು, ಹೊಡೆಯದೆ ಇಳಿಸಿದಳು. ಮತ್ತೆ ಎತ್ತಿದಳು, ಮತ್ತೆ ಇಳಿಸಿದಳು. ಪಕ್ಕದ ಹೆಣ್ಣುಮಕ್ಕಳು ಟಪ್ ಟಪ್ ಎಂದು ಮುಗಿಸಿ ಹೋಗುತ್ತಿದ್ದರು. ಈಕೆ ಮಾತ್ರ ಕೈ ಎತ್ತುವುದು, ಇಳಿಸುವುದು. ಕೊನೆಗೆ ಹೊತ್ತು ಮೀರುತ್ತ ಬಂದಾಗ ಉಳಿದ ಗುಂಡುಗಳನ್ನು ಒಂದರ ಹಿಂದೊಂದು ಹೊಡೆದು ಮುಗಿಸಿದಳು. ಬಂದು ನನ್ನ ಪಕ್ಕ ಕೂತಳು. ಸಿಲಿಂಡರಿನ ವಾಷರು ಸವೆದಿರಬೇಕು ಎಂದು ನಾನು ಶುರು ಮಾಡಿದೆ. ಆಕೆ ಬಲಗೈಯನ್ನು ನನ್ನ ತೊಡೆಯ ಮೇಲಿಟ್ಟಳು.

“ಪಿಸ್ತೂಲ್ ಹಳೇದಾಗಿಲ್ಲರಿ. ಕೈ ನಡಗಾಕತ್ತದ. ನಮ್ಮ ಅವ್ವಂದೂ ಹಿಂಗೇ ಶುರು ಆಗಿತ್ತು. ನಿಮಗೂ ಗೊತ್ತದ.”

ಚಿಮ್ಮನಚೋಡದ ನಮ್ಮ ಅತ್ತೆಯ ಕೈ ನಡುಗುತ್ತಿದ್ದುದು ನನಗೆ ಗೊತ್ತಿತ್ತು. ಮಜ್ಜಿಗೆ ಬಡಿಸಿದರೆ ಅರ್ಧ ಎಲೆಗೆ, ಅರ್ಧ ನೆಲಕ್ಕೆ. ವಾಷರಿನ ಮಾತನ್ನು ಅಲ್ಲಿಗೇ ಬಿಟ್ಟೆ. ಹೋಲಿಸಲು ಎರಡನೆಯದು ಇಲ್ಲದಿದ್ದರೆ ನನಗೆ ಮಾತು ಹೊಳೆಯುವುದಿಲ್ಲ.

ಡಾಕ್ಟರು ನೋಡಿ, ಪ್ರಾಣಕ್ಕೆ ಅಪಾಯವಿಲ್ಲ, ಮನೆತನದಿಂದ ಬಂದ ನಡುಕ, ಗುಳಿಗೆ ತಗೊಂಡರೆ ತಕ್ಕಮಟ್ಟಿಗೆ ನಿಲ್ಲುತ್ತದೆ ಎಂದರು. ಚೀಟಿ ಹಿಡಿದುಕೊಂಡು ಇಬ್ಬರೂ ಗಫೂರ್ ಭಾಯಿಯ ಅಂಗಡಿಗೆ ಹೋದೆವು. ಅವರು ಚೀಟಿ ಓದಿ, ಗುಳಿಗೆಯ ಡಬ್ಬಿ ತೆಗೆದು, ಕೊಡದೆ ಕೈಯಲ್ಲೇ ಹಿಡಿದು ನಿಂತರು.

“ಭಾಬಿ, ನಡುಕ ನಿಲ್ತದ. ಆದ್ರ ನಮ್ಮ ಆಟದಾಗ ಈ ಗುಳಿಗಿ ಮನಾ ಅದ, ತಗೊಂಡು ಆಡಂಗಿಲ್ಲ. ಕೈ ನಿಲ್ಲಸ್ತದ ಅಂತಲೇ ಮನಾ ಮಾಡ್ಯಾರ.”

ಮಹಾದೇವಿ ಡಬ್ಬಿಯನ್ನು ನೋಡಿದಳು. ಈಗಲೇ ತಗೊಳ್ಳಬೇಕೇ, ತಡೆದರೆ ನಡೆದೀತೇ ಎಂದು ಡಾಕ್ಟರನ್ನು ಆಗಲೇ ಕೇಳಿಕೊಂಡಿದ್ದಳು. ಅವಸರವಿಲ್ಲ, ನಿಮಗೆ ತೊಂದರೆಯಾದಾಗ ತಗೊಳ್ಳಿ ಎಂದಿದ್ದರಂತೆ. “ಒಳಗಿಡ್ರಿ ಭಾಯಿ,” ಎಂದಳು. “ಗುಳಿಗಿ ತಗೊಂಡು ಹೊಡದ್ರ, ಹೊಡದಾಕಿ ನಾನಲ್ಲ, ಗುಳಿಗಿ.”

ಅದಾದ ಕೆಲವು ದಿನಕ್ಕೆ ಹೊಸ ಮಾಡೆಲ್ ಬಂತು. ಮೂವರೂ ನಮ್ಮ ಪಡಸಾಲೆಯಲ್ಲಿ ಕೂತು ಅದರ ವಿಡಿಯೋ ನೋಡಿದೆವು. ಭಾರಿ ಸಂಗೀತ, ಹೊಗೆ, ಹೊಗೆಯೊಳಗಿಂದ ಪಿಸ್ತೂಲು. ನಳಿಗೆ ಗಿಡ್ಡವಾಗಿರಲಿಲ್ಲ. ತೂಕದ ಕಂಬಿ ಇರಲಿಲ್ಲ. ಕರಿಯದು ಬೂದು ಬಣ್ಣಕ್ಕೆ ಬಂದಿತ್ತು, ಪೆಟ್ಟಿಗೆಗೆ ಹೊಸ ಚಿಲಕ ಹಚ್ಚಿದ್ದರು. ಕೈ ಅಲುಗಿದರೂ ಅಲುಗದ ವ್ಯವಸ್ಥೆಯನ್ನು ಅವರು ಯೋಚಿಸಿಯೇ ಇರಲಿಲ್ಲ. ಅದು ನನ್ನ ತಲೆಯಲ್ಲಿ ಮಾತ್ರ ತಯಾರಾಗಿತ್ತು. ಕೊನೆಯಲ್ಲಿ ಎಡಗೈಯವರಿಗೆ ಬೇರೆ ಹಿಡಿಕೆ ಸಿಗುತ್ತದೆಂದು ಒಂದು ಸಾಲು ಬಂದು ಹೋಯಿತು. ನಾನೂ ಗಫೂರ್ ಭಾಯಿಯೂ ಚಿಲಕದ ಬಗ್ಗೆ ಮಾತಾಡುತ್ತಿದ್ದೆವು. ಮಹಾದೇವಿ ನೀರಿನ ತಂಬಿಗೆಯನ್ನು ಎಡಗೈಯಲ್ಲಿ ಎತ್ತಿ, ತೋಳು ಚಾಚಿ ಹಿಡಿದಿದ್ದಳು. ನೀರು ಅಲುಗಲಿಲ್ಲ.

ಹಳೆಯ ಪಿಸ್ತೂಲೇ ಸಾಕು, ಅದಕ್ಕೊಂದು ಎಡಗೈ ಹಿಡಿಕೆ ಬೇಕು ಎಂದಳು. ಆ ಹಳೆಯ ಮಾಡೆಲಿಗೆ ಎಡಗೈ ಹಿಡಿಕೆ ಎಲ್ಲೂ ಸಿಗಲಿಲ್ಲ. ವರ್ಷವಿಡೀ ಹಿಡಿಕೆಯ ಬಗ್ಗೆ ಭಾಷಣ ಮಾಡಿದವರು ನೀವೇ, ಮಾಡಿಕೊಡಿ ಎಂದಳು.

ಫರಸಿಯ ಸಂದಿಗೆ ತುಂಬುವ ಲಪ್ಪ ಕಲಸಿ, ಮುದ್ದೆ ಮಾಡಿ, ಆಕೆಯ ಎಡಗೈಯಲ್ಲಿಟ್ಟು, ಅದು ಗಟ್ಟಿಯಾಗುವವರೆಗೆ ನನ್ನ ಎರಡೂ ಕೈಗಳಿಂದ ಒತ್ತಿ ಹಿಡಿದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಕೈಯನ್ನು ಅಷ್ಟು ಹೊತ್ತು ಹಿಡಿದದ್ದು ನನಗೆ ನೆನಪಿಲ್ಲ. ಆಕೆಯ ಕೈ ಗಟ್ಟಿಯಾಗಿತ್ತು. ನಡುಗುತ್ತಿದ್ದುದು ನನ್ನದು. ಅಲುಗಬೇಡಿ, ಅಚ್ಚು ಕೆಡುತ್ತದೆ ಎಂದು ಆಕೆ ಎರಡು ಸಲ ಗದರಿಸಿದಳು.

ಆ ಅಚ್ಚು ನೋಡಿಕೊಂಡು ಸಾಗವಾನಿಯ ತುಂಡೊಂದನ್ನು ಅರದಿಂದ ಉಜ್ಜಿ ಉಜ್ಜಿ ಹಿಡಿಕೆ ಮಾಡಿದೆ. ಬೆರಳಿಗೆ ಬೊಬ್ಬೆ ಬಂತು. ಮೊದಲನೆಯದು ಹೆಬ್ಬೆರಳಿಗೆ ಚುಚ್ಚಿತು. ಎರಡನೆಯದು ಕೈಯಲ್ಲಿ ತಿರುಗಿತು. ಮೂರನೆಯದನ್ನು ಹಿಡಿದು ಆಕೆ ಹೊಡೆದ ಮೊದಲ ಗುಂಡು ಕಾಗದವನ್ನೂ ಗೋಣಿಚೀಲವನ್ನೂ ಬಿಟ್ಟು ಫರಸಿಗೆ ತಗುಲಿ ಠಣ್ ಎಂದಿತು. ಆಕೆ ನಕ್ಕಳು. ಬಹಳ ದಿನದ ಮೇಲೆ ಗೋದಾಮಿನಲ್ಲಿ ನಗು ಕೇಳಿಸಿತು.

ಚಳಿಗಾಲ ಕಳೆದ ಮೇಲೆ ಸೇಡಂನಲ್ಲಿ ನೌಕರರ ಸಣ್ಣ ಸ್ಪರ್ಧೆಯೊಂದಿತ್ತು. ಮಹಾದೇವಿ ಎಡಗೈಯಲ್ಲಿ ಹೊಡೆದಳು. ಕೆಳಗಿನಿಂದ ಎಣಿಸಿದರೆ ಬೇಗ ಸಿಗುವ ಸ್ಥಾನ ಬಂತು, ಆದರೆ ಕಡೆಯದಲ್ಲ. ಕೈ ಒಂದು ಸಲವೂ ಸುಮ್ಮನೆ ಇಳಿಸಲಿಲ್ಲ. ಎತ್ತಿದಳು, ಹೊಡೆದಳು. ಸುಮ್ಮನೆ ನೋಡಲು ಬಂದು, ಯಾರದೋ ಪಿಸ್ತೂಲು ಇಸಿದುಕೊಂಡು ನಾಲ್ಕು ಗುಂಡು ಹಾರಿಸಿದ ಗಫೂರ್ ಭಾಯಿಯ ಕಾಗದ ನೋಡಿದವರು, ಎಡಗೈಯಲ್ಲಿ ಹೊಡೆದವರು ಇವರೇ ಎಂದು ತಿಳಿದರು.

ಮರಳುವಾಗ ಬಸ್ಸಿನಲ್ಲಿ ಮುಂದಿನ ಸೀಟಿನಿಂದ ಮಹಾದೇವಿ ತಿರುಗಿ ಕೂತು ಹಿಡಿಕೆಯ ದೋಷಗಳನ್ನು ಹೇಳತೊಡಗಿದಳು. ಕಿರುಬೆರಳಿಗೆ ಜಾಗ ಸಾಲದು. ಬೆವರಿಗೆ ಜಾರುತ್ತದೆ. ಅಂಗೈ ಕೆಳಗಿನ ಪಟ್ಟಿ ಇನ್ನೊಂದಿಷ್ಟು ಮೇಲೇರಬೇಕು. ಗಫೂರ್ ಭಾಯಿ ಪಕ್ಕದಿಂದ, ತೂಕವೂ ಹೆಚ್ಚಾಯಿತು ಎಂದು ಸೇರಿಸಿದರು. ಮುಂದಿನದು ಯಾವಾಗ ತಯಾರಾಗುತ್ತದೆ ಎಂದು ಇಬ್ಬರೂ ಒಟ್ಟಿಗೆ ಕೇಳಿದರು. ಪರೀಕ್ಷೆಯ ಕೆಲಸ ಮುಗಿಯಲಿ, ಸಾಗವಾನಿ ಒಣಗಲಿ, ಮುಂದಿನ ಮಾಡೆಲಿನಲ್ಲಿ ಎಲ್ಲ ಸರಿಪಡಿಸಲಾಗುವುದು ಎಂದೆ. ಆ ಕಂಪನಿಯವರು ತಡ ಮಾಡುತ್ತಾರೆಂದು ವರ್ಷವಿಡೀ ಬೈದವನು ನಾನು. ಬಣ್ಣ ಬದಲಿಸಿ ಚಿಲಕ ಹಚ್ಚಿ ಕೊಟ್ಟರೆಂದು ನಕ್ಕವನೂ ನಾನೇ. ಪಾಪ, ಅವರ ಎದುರಿಗೂ ಯಾರೋ ಹೀಗೆ ತಿರುಗಿ ಕೂತು ದೋಷ ಎಣಿಸುತ್ತಿದ್ದಿರಬೇಕು. ಮಹಾದೇವಿ ಇನ್ನೂ ಹೇಳುತ್ತಲೇ ಇದ್ದಳು. ನಾನು ಕಿಟಕಿಯ ಕಡೆ ಮುಖ ಮಾಡಿ, ಈ ಸಲ ಹಿಡಿಕೆಗೆ ಯಾವ ಬಣ್ಣ ಹಚ್ಚಿದರೆ ಚೆಂದ ಎಂದು ಯೋಚಿಸುತ್ತಿದ್ದೆ.