ಬಂಡೆ ಮೇಲಿನ ಮಾಯಾ ತರಗತಿ: ಕಡ್ಡಾಯವಾಗಿ ಪಾಲಿಸತಕ್ಕ ಕ್ರಮಗಳು

ಇಲಾಖೆ (ಹೆಸರು ಪರಿಶೀಲನೆಯಲ್ಲಿದೆ)
ಉಪಕಚೇರಿ, ಕೊಳ್ಳೇಗಾಲ
ಸಂಖ್ಯೆ: ಮಾ.ತ/ಬಂಡೆ/ಹನೂರು/೨೦೨೫-೨೬

ಸುತ್ತೋಲೆ

ವಿಷಯ: ಕಲ್ಲುಬಾವಿದೊಡ್ಡಿ ಪ್ರೌಢಶಾಲೆಗೆ ಗಣಿತದ ಮೇಷ್ಟ್ರ ಬದಲು ವಾಟ್ಸಾಪ್ ಗುಂಪು ಹಾಗೂ ಮಾಯಾಲೋಕವನ್ನು ಜೋಡಿಸಿ ಒದಗಿಸಿರುವ ಬಗ್ಗೆ.

ಉಲ್ಲೇಖ: ೧) ಪೋಷಕರಾದ ಶ್ರೀ ರಂಗನಾಯಕ ಅವರ ಮನವಿ (“ಒಬ್ಬ ಮೇಷ್ಟ್ರ ಕೊಡಿ ಸಾ”). ೨) ಅದೇ ಮನವಿ, ಮತ್ತೊಮ್ಮೆ. ೩) ಅದೇ ಮನವಿ, ಕಚೇರಿ ಬಾಗಿಲಲ್ಲಿ, ಜೋರಾಗಿ.

ಪಾಲಾರ್ ಬದಿಯ ಸದರಿ ಶಾಲೆಯಲ್ಲಿ ಹತ್ತನೇ ತರಗತಿಗೆ ಗಣಿತ ಹೇಳುವವರಿಲ್ಲ ಎಂಬ ದೂರು ಇಲಾಖೆಯ ಗಮನಕ್ಕೆ ಬಂದು, ಗಮನದಲ್ಲೇ ಇದ್ದು, ಕೊನೆಗೆ ಕಣ್ಣಿಗೆ ಕಟ್ಟಿಕೊಂಡರೆ ತರಗತಿ ಕಾಣಿಸುವ ವಿ.ಆರ್. ಕನ್ನಡಕ ಒಂದನ್ನು ಕಳುಹಿಸಲಾಗಿದೆ. ಅದರೊಳಗಿನ ಮಾಯಾಲೋಕದಲ್ಲಿ ಪ್ರತಿ ಮಗುವಿನ ಪರವಾಗಿ ಒಂದೊಂದು ಬೊಂಬೆ ಉಂಟು. ಪಾಠ ಕೇಳುವುದು ಬೊಂಬೆ, ಅನುಮಾನ ಕೇಳುವುದು ವಾಟ್ಸಾಪಿನಲ್ಲಿ. ನಿಯಮಗಳು ಇಂತಿವೆ:

೧. ಶಾಲೆಗಿದ್ದ ಒಬ್ಬರೇ ಗಣಿತದ ಮೇಷ್ಟ್ರು ಶ್ರೀ ಶಿವಶಂಕರ ಅವರನ್ನು, ಮಾಯಾ ತರಗತಿಯ ಫೋಟೊಗಳನ್ನು ಫೇಸ್‌ಬುಕ್ಕಿಗೆ ಹಾಕುವ ಕೆಲಸದ ಮೇಲೆ ಯಳಂದೂರಿಗೆ ನಿಯೋಜಿಸಲಾಗಿದೆ. ಮೇಷ್ಟ್ರು ಇಲ್ಲದ್ದಕ್ಕೆ ಕನ್ನಡಕ ಬಂತೋ, ಕನ್ನಡಕ ಬಂದದ್ದಕ್ಕೆ ಮೇಷ್ಟ್ರು ಹೋದರೋ ಎಂದು ಯಾರೂ ಕೇಳತಕ್ಕದ್ದಲ್ಲ.

೨. ಕನ್ನಡಕದೊಳಗೆ ಪಾಠ ಹೇಳುವ ಮಾಯಾ ಮೇಷ್ಟ್ರಿಗೆ ಸೊಂಟದ ಕೆಳಗೆ ಕಾಲಿಲ್ಲ. ಇದು ದೋಷವಲ್ಲ. ಕಾಲಿದ್ದವರೆಲ್ಲ ವರ್ಗಾವಣೆ ಮಾಡಿಸಿಕೊಂಡು ಮೈಸೂರು ಸೇರಿದ್ದನ್ನು ಇಲಾಖೆ ನೋಡಿದೆ.

೩. ಊರೊಳಗೆ ಸಿಗ್ನಲ್ ಸಿಗದ ಕಾರಣ ತರಗತಿಯನ್ನು ಊರಾಚೆಯ ಬಂಡೆಯ ಮೇಲೆ ನಡೆಸತಕ್ಕದ್ದು. ಕನ್ನಡಕ ಕಟ್ಟಿಕೊಂಡವರಿಗೆ ಬಂಡೆಯ ಅಂಚು ಕಾಣುವುದಿಲ್ಲವಾದ್ದರಿಂದ ಇಬ್ಬರು ಅವರ ಸೊಂಟ ಹಿಡಿದಿರತಕ್ಕದ್ದು. ಒಳಗೆ ಕಂಡದ್ದನ್ನು ಕನ್ನಡಕ ಕಟ್ಟಿಕೊಂಡವರು ಉಳಿದವರಿಗೆ ಕೂಗಿ ಹೇಳತಕ್ಕದ್ದು. ಇದಕ್ಕೆ ‘ಸಹಯೋಗದ ಕಲಿಕೆ’ ಎಂದು ಹೆಸರು. ಬೇರೆ ಹೆಸರಿಂದ ಕರೆದವರ ಮೇಲೆ ಕ್ರಮ ಜರುಗಿಸಲಾಗುವುದು.

೪. ಆನೆ ಕಂಡಲ್ಲಿ ಮೊದಲು ಅದು ಮಾಯಾಲೋಕದ್ದೋ ಕಾಡಿನದ್ದೋ ಎಂದು ಖಚಿತಪಡಿಸಿಕೊಳ್ಳುವುದು. ಮಾಯಾಲೋಕದ್ದಾದರೆ ಅದರ ಸುತ್ತಳತೆ ಕಂಡುಹಿಡಿಯುವುದು. ಕಾಡಿನದ್ದಾದರೆ ಕನ್ನಡಕವನ್ನು ಜೋಪಾನವಾಗಿ ಡಬ್ಬದೊಳಗಿಟ್ಟು, ಮುಚ್ಚಳ ಹಾಕಿ, ಆಮೇಲೆ ಓಡುವುದು.

೫. ರಂಗನಾಯಕ ಅವರ ತಾಯಿ ಶ್ರೀಮತಿ ಕೆಂಪಾಜಮ್ಮ ಅವರು “ಮೇಷ್ಟ್ರ ಕಳ್ಸಿ ಅಂದ್ರ ಕನ್ನಡ್ಕ ಕಳ್ಸಿದ್ದೀರಲ್ಲಾ ಸಾ, ನಮ್ಮಕ್ಕಳ್ಗ ಕಣ್ಣು ಚೆಂದಾಗೇ ಅವ ಕಣ್ರಿ. ಕಾಣ್ದೆ ಇರೋದು ನಿಮ್ಗೆ, ನೀವೇ ಆಕ್ಕಳಿ” ಎಂದು ಆಕ್ಷೇಪಣೆ ಸಲ್ಲಿಸಿರುತ್ತಾರೆ. ಸದರಿ ಆಕ್ಷೇಪಣೆಯನ್ನು ಕಣ್ಣಿನ ತಪಾಸಣಾ ಶಿಬಿರಕ್ಕೆ ವರ್ಗಾಯಿಸಲಾಗಿದೆ.

೬. ರಂಗನಾಯಕ ಅವರ ಮಗಳು ಕುಮಾರಿ ಯಶೋದ, ಹತ್ತನೇ ತರಗತಿ, ಇವರು “ಸಾ, ತ್ರಿಕೋನಮಿತಿ ಒಂಚೂರೂ ತಿಳೀಲಿಲ್ಲ, ಇನ್ನೊಂದ್ಸಲ ಏಳ್ಕೊಡಿ, ಮಾರ್ಚಿಗೆ ಪರೀಕ್ಷೆ ಅದೆ” ಎಂದು ಗುಂಪಿನಲ್ಲಿ ಬರೆದಿರುತ್ತಾರೆ. ಉತ್ತರವಾಗಿ ಇಲಾಖೆಯ ಅಧಿಕಾರಿಗಳು ಕೈಮುಗಿದ ಚಿತ್ರ, ಗುಲಾಬಿ ಹೂವು ಹಾಗೂ ಬೇರೆ ಯಾರಿಗೋ ಹುಟ್ಟುಹಬ್ಬದ ಶುಭಾಶಯ ಕಳುಹಿಸಿರುವುದರಿಂದ ಪ್ರಶ್ನೆ ಇತ್ಯರ್ಥವಾಗಿದೆ ಎಂದು ತೀರ್ಮಾನಿಸಲಾಗಿದೆ. ಯಶೋದ ಮತ್ತೆ ಕೇಳಿದ್ದಾರೆ. ಆದ್ದರಿಂದ ಇನ್ನು ಮುಂದೆ ಗುಂಪಿನಲ್ಲಿ ಅಧಿಕಾರಿಗಳು ಮಾತ್ರ ಬರೆಯುವಂತೆ ಬೀಗ ಹಾಕಲಾಗಿದೆ. ಮಕ್ಕಳು ಹೆಬ್ಬೆಟ್ಟಿನ ಚಿತ್ರ ಒತ್ತಬಹುದು.

೭. ಹೆಬ್ಬೆಟ್ಟೇ ಹಾಜರಾತಿ. ಅಜ್ಜಂದಿರು ಒತ್ತಿದ್ದು ಸಾಲದು, ಮೊಮ್ಮಕ್ಕಳೂ ಒತ್ತಲಿ ಎಂಬುದು ಇಲಾಖೆಯ ಉದ್ದೇಶವೇನಲ್ಲ. ಆದರೆ ಹಾಗಾಗಿದೆ, ಏನ್ಮಾಡೋಕಾಗುತ್ತೆ?

೮. ಬಹು ಮುಖ್ಯವಾಗಿ, ಬಂಡೆಯ ಮೇಲೆ ಸಿಗುವುದು ಹೊಳೆಯಾಚೆಯ ಟವರು. ಬಂಡೆ ಹತ್ತಿದೊಡನೆ ಮೊಬೈಲು ‘ತಮಿಳುನಾಡಿಗೆ ಸ್ವಾಗತ’ ಎನ್ನುತ್ತದೆ. ಮೊಬೈಲು ಸುಳ್ಳು ಹೇಳುವುದಿಲ್ಲ. ಆದಕಾರಣ ಮಕ್ಕಳೆಲ್ಲರೂ ಪರರಾಜ್ಯಕ್ಕೆ ವಲಸೆ ಹೋಗಿರುವುದಾಗಿ ಕಂಪ್ಯೂಟರಿನಲ್ಲಿ ದಾಖಲಾಗಿದೆ. ಸ್ಥಳ ಪರಿಶೀಲನೆಗೆಂದು ಹೊರಟ ಅಧಿಕಾರಿಗಳು ಗಡಿಯ ಈಚೆಗೇ ಇರುವ ಮಾರ್ಟಳ್ಳಿಯಲ್ಲಿ ಟೀ ಕುಡಿದು, ಅಲ್ಲಿ ತಮಿಳು ಮಾತು ಕೇಳಿಸಿಕೊಂಡು, ಗಡಿ ದಾಟಿದ್ದಾಯಿತೆಂದು ತಿಳಿದು ವಾಪಸಾಗಿ, ವಲಸೆ ನಿಜವೆಂದು ವರದಿ ಕೊಟ್ಟಿರುತ್ತಾರೆ.

೯. ಬಂಡೆಯಿಂದ ಇಳಿದರೆ ಮಕ್ಕಳು ಕರ್ನಾಟಕಕ್ಕೆ ಮರಳುತ್ತಾರೆ, ನಿಜ. ಆದರೆ ಅಲ್ಲಿ ಸಿಗ್ನಲ್ ಇಲ್ಲದ್ದರಿಂದ ಗೈರುಹಾಜರಾಗುತ್ತಾರೆ. ಮೇಲಿದ್ದರೆ ಇಲ್ಲಿಯವರಲ್ಲ, ಕೆಳಗಿದ್ದರೆ ಇಲ್ಲವೇ ಇಲ್ಲ. ಎರಡರಲ್ಲಿ ಯಾವುದು ಬೇಕೆಂದು ಪೋಷಕರು ಏಳು ದಿನದೊಳಗೆ ತಿಳಿಸತಕ್ಕದ್ದು. ವಾಟ್ಸಾಪಿನಲ್ಲಿ ತಿಳಿಸುವಂತಿಲ್ಲ, ಬೀಗ ಹಾಕಲಾಗಿದೆ.

೧೦. ಮಕ್ಕಳಿಲ್ಲದ ಶಾಲೆಯನ್ನು ತೆರೆದಿಡಲು ನಿಯಮದಲ್ಲಿ ಅವಕಾಶವಿಲ್ಲದ ಕಾರಣ ಕಲ್ಲುಬಾವಿದೊಡ್ಡಿ ಪ್ರೌಢಶಾಲೆಯನ್ನು ಈ ಕೂಡಲೇ ಮುಚ್ಚಲಾಗಿದೆ. ಕಟ್ಟಡವನ್ನು ಕನ್ನಡಕ ಇಡುವುದಕ್ಕೆ ಬಳಸಿಕೊಳ್ಳಲಾಗುವುದು.

ಮೇಲಿನ ಕ್ರಮಗಳನ್ನು ಚಾಚೂತಪ್ಪದೆ ಪಾಲಿಸಿ, ಪಾಲಿಸಿದ ಫೋಟೊ ಹಾಕತಕ್ಕದ್ದು.

ಸಹಿ/-
(ಅಧಿಕಾರಿಗಳು ಸಭೆಯಲ್ಲಿರುವುದರಿಂದ ಅವರ ಪರವಾಗಿ ಅವರ ಬೊಂಬೆ)

ಪ್ರತಿಗಳು:

೧. ಶ್ರೀ ಶಿವಶಂಕರ, ಯಳಂದೂರು: ಫೇಸ್‌ಬುಕ್ಕಿಗೆ ಹಾಕುವ ಸಲುವಾಗಿ.

೨. ಶ್ರೀ ರಂಗನಾಯಕ: ಇನ್ನು ಮನವಿ ಬರೆಯದಿರುವ ಸಲುವಾಗಿ.

೩. ಕಚೇರಿ ಪ್ರತಿ. ಸಿಕ್ಕರೆ.

೪. ಕುಮಾರಿ ಯಶೋದ: ಹಾಜರಾತಿ ಇಲ್ಲದ ಕಾರಣ ತಾವು ಮಾರ್ಚಿನ ಪರೀಕ್ಷೆಗೆ ಕೂರುವಂತಿಲ್ಲ. ತಮ್ಮ ಬೊಂಬೆಯು ಇಲಾಖೆಯ ಕಂಪ್ಯೂಟರಿನಲ್ಲಿ, ಅಂದರೆ ರಾಜ್ಯದೊಳಗೇ, ದಿನವೂ ಹಾಜರಿದ್ದುದರಿಂದ ಅದನ್ನು ಪಾಸು ಮಾಡಿ ಕೊಳ್ಳೇಗಾಲದಲ್ಲಿ ಪಿಯುಸಿಗೆ ಸೇರಿಸಲಾಗಿದೆ. ತಾವು ಮನೆಯಲ್ಲಿರತಕ್ಕದ್ದು.