ರಾಮದುರ್ಗದ ಸರ್ವರ್ ಮತ್ತು ನನ್ನ ಗುರುವಾರ

ಮನುಷ್ಯರು ದೇವರಲ್ಲಿ ಏನೇನನ್ನೋ ಬೇಡಿಕೊಳ್ಳುತ್ತಾರೆ. ಮಗಳಿಗೆ ಒಳ್ಳೆಯ ಮನೆ ಸಿಗಲಿ, ಮಗನ ಗಣಿತ ಸುಧಾರಿಸಲಿ, ಎದುರು ಮನೆಯವರ ನಾಯಿ ಒಂದು ದಿನವಾದರೂ ಸುಮ್ಮನಿರಲಿ. ಇಂಥವನ್ನು ಕೇಳಿ ಕೇಳಿ ದೇವರಿಗೆ ಅಭ್ಯಾಸವಾಗಿದೆ. ಆದರೆ ಯಂತ್ರವನ್ನು ಸರಿಯಾಗಿ ಇಡುವುದಕ್ಕೆಂದೇ ನೇಮಕವಾದ ಮನುಷ್ಯನೊಬ್ಬ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕೈಮುಗಿದು ನಿಂತು, "ಎಪ್ಪಾ, ಆ ಯಂತ್ರ ಇವತ್ತು ಕೆಟ್ಟಿರಲಿ" ಎಂದು ಬೇಡಿಕೊಂಡರೆ ದೇವರಿಗೂ ಗಲಿಬಿಲಿಯಾಗಬೇಕು. ಆ ಮನುಷ್ಯ ನಾನೇ. ಹೆಚ್ಚುಕಡಿಮೆ ಒಂದು ವರ್ಷ, ಗುರುವಾರ ತಪ್ಪದಂತೆ, ಹೀಗೆ ಬೇಡಿಕೊಂಡಿದ್ದೇನೆ. ಈಗ ಯಾರೂ ನನ್ನ ವಿಚಾರಣೆ ಮಾಡಲಾರರು ಎಂಬ ಧೈರ್ಯದ ಮೇಲೆ ಒಪ್ಪಿಕೊಳ್ಳುತ್ತಿದ್ದೇನೆ.

ಹೊಸ ಶತಮಾನ ಬಂದು ಎರಡೋ ಮೂರೋ ವರ್ಷವಾಗಿತ್ತು. ಬೈಲಹೊಂಗಲದ ಒಂದು ಶಿಕ್ಷಣ ಸಂಸ್ಥೆಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುವವನು. ಸಂಸ್ಥೆಗೆ ಬೈಲಹೊಂಗಲದಲ್ಲಿ ಮುಖ್ಯ ಕಚೇರಿ. ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಒಂದೊಂದು ಕಾಲೇಜು. ನಾಲ್ಕೂ ಕಡೆ ಒಂದೊಂದು ಸರ್ವರ್ ಇಟ್ಟಿದ್ದೆವು. ದಿನಾ ಮುಂಜಾನೆ ಹತ್ತೂವರೆಗೆ ಟೆಲಿಫೋನ್ ತಂತಿಯ ಮೂಲಕ ಅವು ಅರ್ಧ ತಾಸು ಮಾತಾಡಿಕೊಳ್ಳಬೇಕು. ಮಾತು ಎಂದರೆ ಮತ್ತೇನಲ್ಲ, ಸಂಸ್ಥೆಯಲ್ಲಿ ಯಾರು ಯಾರಿದ್ದಾರೆ, ಯಾರಿಗೆ ಯಾವ ಬಾಗಿಲು ತೆರೆಯಬೇಕು ಎಂಬ ಹೆಸರಿನ ಪಟ್ಟಿಯನ್ನು ಒಂದಕ್ಕೊಂದು ಒಪ್ಪಿಸಿಕೊಳ್ಳುವುದು. ಅದಕ್ಕೆ ಡೈರೆಕ್ಟರಿ ಎನ್ನುತ್ತಾರೆ. ಪಟ್ಟಿಯಲ್ಲಿ ಒಂದು ಹೆಸರು ಒಬ್ಬರಿಗೇ ಇರಬೇಕೆಂಬುದು ಯಂತ್ರದ ಹಟ. ನಮ್ಮಲ್ಲೋ ಆರು ಜನ ಬಸವರಾಜರಿದ್ದರು. ಬಸವರಾಜ ಒಂದು, ಬಸವರಾಜ ಎರಡು ಎಂದು ನಂಬರು ಕೊಟ್ಟೆ. ಸವದತ್ತಿಯ ಜವಾನ ಬಸವರಾಜ ಐದು, ಬಸ್ಸು ಹತ್ತಿ ಬಂದು ನನ್ನ ಮುಂದೆ ನಿಂತ. "ಸರ, ನಾಕನೇದಾಂವ ನನಗಿಂತ ಮೂರು ವರ್ಷ ತಡಾ ಕೆಲಸಕ್ಕ ಸೇರ್ಯಾನ್ರಿ. ಅಂವಾ ಹ್ಯಾಂಗ ಮುಂದ ಹೋದ?" ಎಂದ. ಹಿರಿತನದ ಪ್ರಕಾರ ಆರೂ ಬಸವರಾಜರನ್ನು ಮರುಜೋಡಿಸಲು ನನಗೆ ಎರಡು ದಿನ ಹಿಡಿಯಿತು.

ಇದು ನನ್ನ ಕಚೇರಿಯ ಕಥೆಯಾಯಿತು. ಮನೆಯ ಕಥೆ ಇನ್ನೂ ಸಣ್ಣದು, ಯಾಕೆಂದರೆ ಮನೆಯಲ್ಲಿ ಯಾರೂ ಇರಲಿಲ್ಲ. ನನಗೆ ಮದುವೆಯಾಗಿ ಎಂಟು ತಿಂಗಳಾಗಿತ್ತು. ಹೆಂಡತಿ ಸುಮಂಗಲಾ ರಾಮದುರ್ಗದ ಸರಕಾರಿ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಬೈಲಹೊಂಗಲಕ್ಕೆ ವರ್ಗ ಕೇಳಿ ಅರ್ಜಿ ಹಾಕಿದ್ದಳು, ಅರ್ಜಿ ಎಲ್ಲೋ ಒಂದು ಮೇಜಿನ ಮೇಲೆ ಸುಖವಾಗಿ ಮಲಗಿತ್ತು. ರವಿವಾರ ಹೋಗಿ ಬರಬಹುದಲ್ಲ ಎನ್ನುತ್ತೀರಿ. ರವಿವಾರ ಎಲ್ಲರೂ ಯಂತ್ರ ಬಿಟ್ಟು ಮನೆಗೆ ಹೋಗುತ್ತಾರೆ, ಆದ್ದರಿಂದ ಕಂಪ್ಯೂಟರಿನವನಿಗೆ ಆವತ್ತೇ ಕೆಲಸ. ನನ್ನ ರವಿವಾರ ಹೇಗೋ ಬಿಡುವಾದರೆ ಸರಕಾರ ಆಕೆಯ ಕೈಗೆ ಪೋಲಿಯೊ ಹನಿಯ ಡಬ್ಬಿಯನ್ನೋ ಮತದಾರರ ಪಟ್ಟಿಯನ್ನೋ ಕೊಟ್ಟಿರುತ್ತಿತ್ತು. ನಾನು ರಾಮದುರ್ಗಕ್ಕೆ ಹೋಗಿ ಇಳಿದರೆ ಆಕೆ ಯಾವುದೋ ಓಣಿಯಲ್ಲಿ ಯಾರದೋ ಕೂಸಿನ ಬಾಯಿ ತೆರೆಸುತ್ತಿರುತ್ತಿದ್ದಳು. ಸಂಜೆ ಆಕೆಯ ಮನೆಯೊಡತಿಯ ಫೋನಿಗೆ ಮಾಡುತ್ತಿದ್ದೆ. ಒಡತಿ ಪಕ್ಕದಲ್ಲೇ ಕೂತು ಅಕ್ಕಿ ಆರಿಸುತ್ತಿದ್ದುದರಿಂದ ನಾವು ಆಡುತ್ತಿದ್ದುದು ಊಟ ಆಯಿತೇ, ಬಿಸಿಲು ಹೇಗಿದೆ ಎಂಬ ಎರಡೇ ಮಾತು. ಮಾತು ಮುಗಿದ ಮೇಲೂ ಇಬ್ಬರೂ ರಿಸೀವರ್ ಇಡುತ್ತಿರಲಿಲ್ಲ. ಖಾನಾವಳಿಯ ರೊಟ್ಟಿ ತಿಂದು ಬಂದು ಕೋಣೆಯ ಬಾಗಿಲು ತೆರೆಯುವಾಗ ನನಗೆ ನಿಜವಾಗಿಯೂ ಅಳು ಬರುತ್ತಿತ್ತು.

ಇಂಥ ಹೊತ್ತಿನಲ್ಲಿ ಒಂದು ಗುರುವಾರ ರಾಮದುರ್ಗದ ಸರ್ವರ್ ಕೆಟ್ಟಿತು. ಸರ್ವರ್ ತನ್ನ ಸುಖದುಃಖವನ್ನೆಲ್ಲ ತಾನೇ ಬರೆದಿಟ್ಟುಕೊಳ್ಳುವ ಒಂದು ದಿನಚರಿ ಇರುತ್ತದೆ. ಅದರಲ್ಲಿ ಕೆಂಪು ಗುಂಡಿನೊಳಗೆ ಕತ್ತರಿ ಗುರುತು ಕಂಡರೆ ಏನೋ ಎಡವಟ್ಟಾಗಿದೆ ಎಂದರ್ಥ. ಆವತ್ತು ನನ್ನ ಪರದೆಯ ತುಂಬ ಕೆಂಪು ಗುಂಡು. ರಾಮದುರ್ಗದ ಸರ್ವರನ್ನು ನಂಬಲಾಗುತ್ತಿಲ್ಲ, ನಿಮ್ಮ ಆಡಳಿತಗಾರರನ್ನು ಸಂಪರ್ಕಿಸಿರಿ ಎಂದು ಬರೆದಿತ್ತು. ಆಡಳಿತಗಾರ ನಾನೇ. ನಾನು ಯಾರನ್ನು ಸಂಪರ್ಕಿಸಬೇಕೆಂದು ಬರೆದಿರಲಿಲ್ಲ. ಆ ಕಾಲೇಜಿನ ಹೆಡ್ ಕ್ಲಾರ್ಕ್ ನದಾಫರಿಗೆ ಫೋನು ಮಾಡಿ, ವಾಯರು ಕಿತ್ತು ಹಾಕಿರಿ, ಮೋಡೆಮ್ ಆರಿಸಿ ಹಚ್ಚಿರಿ, ಯಂತ್ರವನ್ನೇ ಆರಿಸಿ ಹಚ್ಚಿರಿ ಎಂದು ತಾಸುಗಟ್ಟಲೆ ಹೇಳಿದೆ. ಅವರು ಪ್ರತಿಯೊಂದಕ್ಕೂ "ಆತ್ರಿ ಸರ" ಎಂದು ಮಾಡಿದರು. ಕೆಂಪು ಗುಂಡು ಹೋಗಲಿಲ್ಲ. ಕೊನೆಗೆ ಕಾರ್ಯದರ್ಶಿ ಪಾಟೀಲರು, "ನೀವ ಒಮ್ಮಿ ಹೋಗಿ ನೋಡಿ ಬರ್ರಿ. ಮಧ್ಯಾಹ್ನ ಆತು, ಅಲ್ಲೇ ವಸ್ತಿ ಇದ್ದು ನಾಳೆ ಮುಂಜಾನಿ ಬಂದ್ರ ನಡೀತೈತಿ" ಎಂದರು. ಅಲ್ಲಿಯೇ ವಸ್ತಿ. ಆ ಎರಡು ಶಬ್ದ ಕೇಳಿ ನನ್ನ ಮುಖದಲ್ಲಿ ಏನು ಕಂಡಿತೋ, ಪಾಟೀಲರು ಕನ್ನಡಕ ತೆಗೆದು ಒರೆಸಿಕೊಂಡರು.

ಸವದತ್ತಿಯಲ್ಲಿ ಬಸ್ಸು ಬದಲಿಸಿ ರಾಮದುರ್ಗ ಮುಟ್ಟಿದಾಗ ನಾಲ್ಕು ಗಂಟೆ. ಅಂದರೆ ನನ್ನ ಕೈಗಡಿಯಾರದಲ್ಲಿ ನಾಲ್ಕು. ನದಾಫರ ಕಚೇರಿಯ ಗೋಡೆ ಗಡಿಯಾರದಲ್ಲಿ ನಾಲ್ಕು ಹತ್ತು. ನಮ್ಮ ಕಡೆ ಮನೆಯ ಗಡಿಯಾರವನ್ನು ಹತ್ತು ನಿಮಿಷ ಮುಂದೆ ಇಡುವುದು ಬಸ್ಸು ತಪ್ಪದಿರಲೆಂದು. ಅದು ಮುಂದಿದೆ ಎಂದು ಮನೆಮಂದಿಗೆಲ್ಲ ಗೊತ್ತಿರುವುದರಿಂದ ಎಲ್ಲರೂ ಹತ್ತು ನಿಮಿಷ ಕಳೆದೇ ಲೆಕ್ಕ ಹಾಕಿ ಬಸ್ಸು ತಪ್ಪಿಸಿಕೊಳ್ಳುತ್ತಾರೆ, ಆ ಮಾತು ಬೇರೆ. ನದಾಫರು ಅಚ್ಚುಕಟ್ಟಿನ ಮನುಷ್ಯರು. ಪ್ರತಿ ಬುಧವಾರ ಸಂಜೆ ಸ್ಟೂಲು ಹತ್ತಿ ಆ ಹಳೆಯ ಗಡಿಯಾರಕ್ಕೆ ಚಾವಿ ಕೊಡುತ್ತಿದ್ದರು. ಕೆಳಗಿಳಿದು ಸರ್ವರಿನ ಧೂಳು ಒರೆಸುತ್ತಿದ್ದರು. ಒಂದೇ ಕೋಣೆಯಲ್ಲಿ ಎರಡು ಗಡಿಯಾರ ಎರಡು ಹೊತ್ತು ತೋರಿಸುವುದು ಕಚೇರಿಗೆ ಶೋಭೆಯಲ್ಲವೆಂದು, ಆ ವಾರದಿಂದ ಸರ್ವರಿನ ಗಡಿಯಾರವನ್ನೂ ಹತ್ತು ನಿಮಿಷ ಮುಂದೆ ತಿರುಗಿಸಿ ಮನೆಗೆ ಹೋಗತೊಡಗಿದ್ದರು. ಈ ಸರ್ವರುಗಳ ನಿಯಮವೋ, ಎರಡರ ನಡುವೆ ಐದು ನಿಮಿಷಕ್ಕಿಂತ ಹೆಚ್ಚು ಅಂತರವಾದರೆ ಒಂದು ಇನ್ನೊಂದನ್ನು ನಂಬುವುದಿಲ್ಲ. ಹೊತ್ತು ಸುಳ್ಳು ಹೇಳುವವನು ಹೆಸರನ್ನೂ ಸುಳ್ಳು ಹೇಳಿಯಾನು ಎಂದು ಬಾಗಿಲು ಹಾಕಿಕೊಂಡುಬಿಡುತ್ತದೆ.

ಕಾರಣ ತಿಳಿಯಲು ನನಗೆ ಹತ್ತು ನಿಮಿಷ ಸಾಕಾಯಿತು, ಸರಿಮಾಡಲು ಅರ್ಧ ನಿಮಿಷ. ನದಾಫರು ಚಹಾ ತರಿಸಿ, "ಏನಾಗಿತ್ರಿ ಸರ?" ಎಂದು ಕೇಳಿದರು. ಗಡಿಯಾರ ಮುಟ್ಟಬೇಡಿರಿ ಎಂಬ ಎರಡು ಶಬ್ದ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮುಂದಿನ ಬುಧವಾರ ನೆನಪಾಯಿತು. ಬುಧವಾರದ ಬೆನ್ನಿಗೇ ಗುರುವಾರ ಇರುತ್ತದೆ ಎಂಬುದೂ ನೆನಪಾಯಿತು. "ಭಾಳ ಸೂಕ್ಷ್ಮ ಐತ್ರಿ, ಹೇಳಿದ್ರ ತಿಳಿಯೂದಿಲ್ಲ" ಎಂದೆ. ಹೀಗೆ ನನ್ನ ಪಾಪ ಶುರುವಾಯಿತು. ಮುಖ್ಯ ಕಚೇರಿಗೆ ವರದಿ ಬರೆದೆ: "ದೋಷವು ಅತಿಸೂಕ್ಷ್ಮ ಸ್ವರೂಪದ್ದಾಗಿದ್ದು, ಖುದ್ದು ಹಾಜರಾತಿಯಿಲ್ಲದೆ ಪರಿಹಾರ ಸಾಧ್ಯವಿರುವುದಿಲ್ಲ." ಇಡೀ ವರ್ಷ ಈ ವಾಕ್ಯವನ್ನು ನಾನು ಬದಲಿಸಲಿಲ್ಲ.

ಆ ಗುರುವಾರಗಳನ್ನು ಹೇಗೆ ಹೇಳಲಿ. ಹತ್ತೂವರೆಗೆ ಪರದೆಯ ಮುಂದೆ ಕೂಡುತ್ತಿದ್ದೆ. ಮೊದಲು ಕಿತ್ತೂರು. ಕಿತ್ತೂರಿನ ಸರ್ವರ್ ಒಂದು ದಿನವೂ ತಪ್ಪು ಮಾಡಿದ್ದಲ್ಲ, ನನಗೆ ಅದರ ಮೇಲೆ ಪ್ರೀತಿಯೂ ಹುಟ್ಟಲಿಲ್ಲ. ಆಮೇಲೆ ಸವದತ್ತಿ. ಆಮೇಲೆ ರಾಮದುರ್ಗದ ಸಾಲಿಗೆ ಬಂದಾಗ ಎದೆ ಹೊಡೆದುಕೊಳ್ಳುತ್ತಿತ್ತು. ಕೆಂಪು ಗುಂಡು ಕಂಡೊಡನೆ ದೊಡ್ಡದಾಗಿ ನಿಟ್ಟುಸಿರು ಬಿಟ್ಟು, ಬೇಸರದ ಮುಖ ಮಾಡಿಕೊಂಡು ಪಾಟೀಲರ ಕೋಣೆಗೆ ನಡೆಯುತ್ತಿದ್ದೆ. ಹುಣ್ಣಿಮೆ ಹತ್ತಿರ ಬಂದರೆ ದೇವಿಯ ಜಾತ್ರೆಯ ಗದ್ದಲಕ್ಕೆ ಸವದತ್ತಿಯ ಬಸ್ಸಿನಲ್ಲಿ ಒಂಟಿಗಾಲಲ್ಲಿ ನಿಂತು ಹೋದದ್ದುಂಟು, ಕಾಲು ನೋಯಲಿಲ್ಲ. ಸುಮಂಗಲಾ ಸಂಜೆ ಪಡಸಾಲೆಯಲ್ಲಿ ಪೇಪರು ತಿದ್ದುತ್ತಾ ಕೂತಿರುತ್ತಿದ್ದಳು. ನನ್ನ ಚಪ್ಪಲಿಯ ಸಪ್ಪಳ ಕೇಳಿದರೂ ತಲೆ ಎತ್ತುತ್ತಿರಲಿಲ್ಲ, ಕೈಯಲ್ಲಿದ್ದ ಪೇಪರು ಮುಗಿಸಿಯೇ ಏಳುವಳು. ಆ ಪೇಪರಿನ ಮಕ್ಕಳಿಗೆ ಎರಡು ಅಂಕ ಹೆಚ್ಚು ಬಿದ್ದಿರಬೇಕೆಂದು ನನ್ನ ಗುಮಾನಿ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಇಬ್ಬರೂ ಎದುರುಬದುರು ಕೂತು ಉಣ್ಣುವುದು, ಅಷ್ಟೇ. ಮರುದಿನ ಆರರ ಬಸ್ಸಿಗೆ ಆಕೆ ಸ್ಟ್ಯಾಂಡಿನ ತನಕ ಬರುತ್ತಿದ್ದಳು. ಬಸ್ಸು ತಿರುವು ದಾಟುವ ತನಕ ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿರುತ್ತಿದ್ದೆ. ಕಂಡಕ್ಟರು ಬೈದು ಬೈದು ಕಡೆಗೆ ಬಿಟ್ಟುಬಿಟ್ಟ.

ಗಣಿತದವಳನ್ನು ಎಷ್ಟು ದಿನ ಮೋಸಮಾಡಲು ಬರುತ್ತದೆ? ಒಂದು ದಿನ ರೊಟ್ಟಿ ಬಡಿಯುತ್ತಾ ಕೇಳಿದಳು. "ರೀ, ವಾರಕ್ಕ ಏಳು ದಿವಸ. ನಿಮ್ಮ ಯಂತ್ರ ಗುರುವಾರನ ಯಾಕ ಕೆಡತೈತಿ?"

ನಿಜ ಹೇಳಿದೆ. ಆಕೆ ನಕ್ಕಳು. ಅಷ್ಟು ನಕ್ಕದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ನಗು ನಿಂತ ಮೇಲೆ ಒಂದು ರೊಟ್ಟಿಯನ್ನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಬಡಿದಳು. "ನದಾಫರ ಮಗಳು ನನ್ನ ಕ್ಲಾಸಿನ್ಯಾಗ ಅದಾಳ್ರಿ. ಅಪ್ಪಗ ಗುರುವಾರ ಊಟ ಸೇರವಲ್ದಂತ. ನನ್ನ ಕೈ ಹತ್ತಿದ್ದಕ್ಕ ಯಂತ್ರ ಕೆಡಾಕತ್ತೈತಿ, ನೌಕರಿ ಹೋಗತೈತೇನೋ ಅಂತ ಒಂದ ಸವನ ಹೇಳತಾರಂತ. ನಮ್ಮ ಊಟಕ್ಕ ಅವರನ್ನ ಉಪವಾಸ ಕೆಡವೂದು ಬ್ಯಾಡ್ರಿ." ವರ್ಷವಿಡೀ ಆ ಮನುಷ್ಯ ನನಗೆ ಚಹಾ ತರಿಸಿ ಕೊಟ್ಟು, ನನ್ನ ಮುಖ ನೋಡುತ್ತಾ ಕೂತಿದ್ದುದಕ್ಕೆ ಕಾರಣ ಆಗ ತಿಳಿಯಿತು. ನಾಚಿಕೆಯಾಯಿತು, ಈಗಲೂ ಆಗುತ್ತದೆ.

ಮುಂದಿನ ಗುರುವಾರ ನದಾಫರಿಗೆ ಎಲ್ಲವನ್ನೂ ಹೇಳಿ ಕೈಮುಗಿದೆ. ಅವರು ಗೋಡೆ ಗಡಿಯಾರವನ್ನೂ ಸರ್ವರನ್ನೂ ಒಮ್ಮೆ ನೋಡಿದರು. ಸಿಟ್ಟಾಗುತ್ತಾರೆಂದು ಕಾದೆ. "ಹತ್ತು ನಿಮಿಷದ ಸಲುವಾಗಿ ಇಷ್ಟೆಲ್ಲಾ ಆತೇನ್ರಿ?" ಎಂದರು. ಆಮೇಲೆ, "ಹಂಗಾರ ಮುಂದಿನ ಗುರುವಾರ ನೀವು ಬರೂದಿಲ್ಲೇನ್ರಿ ಸರ? ಟೀಚರ ಬಾಯಾರು ಹಾದಿ ನೋಡತಾರಲ್ರಿ" ಎಂದರು. ಅವರು ದನಿ ತಗ್ಗಿಸಿ, "ತಿಂಗಳಿಗೊಮ್ಮಿ ಮರತಂಗ ಮಾಡಲೇನ್ರಿ?" ಎಂದರು. ಬೇಡ ಎಂದೆ. ಯಾಕೆ ಬೇಡ ಎಂದೆನೋ ನನಗೆ ಇಂದಿಗೂ ಗೊತ್ತಿಲ್ಲ. ಜನ್ಮದಲ್ಲಿ ಒಮ್ಮೆ ಪ್ರಾಮಾಣಿಕನಾಗುವ ಹುಕಿ ಬರುತ್ತದೆ, ಅದು ತಪ್ಪು ಹೊತ್ತಿನಲ್ಲೇ ಬರುತ್ತದೆ.

ಆಮೇಲಿನ ಗುರುವಾರಗಳಲ್ಲಿ ದಿನಚರಿ ಸ್ವಚ್ಛವಾಗಿತ್ತು. ಕಿತ್ತೂರು ಸರಿ, ಸವದತ್ತಿ ಸರಿ, ರಾಮದುರ್ಗವೂ ಸರಿ. ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಸುಖವಿಲ್ಲ ಎನ್ನುತ್ತಾರೆ. ನಾನು ಆ ಖಾಲಿ ಪರದೆಯನ್ನು ನೋಡುತ್ತಾ, ಈಗ ಆಕೆ ಮಧ್ಯಾಹ್ನದ ಗಂಟೆ ಮುಗಿಸಿ ಹೊರಗೆ ಬಂದಿರಬೇಕು, ಈಗ ಮನೆಯ ಕೀಲಿ ತೆಗೆದಿರಬೇಕು, ಈಗ ಹಿಟ್ಟು ಒಬ್ಬರಿಗೇ ನಾದುತ್ತಿರಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ಸಂಜೆಯ ಫೋನಿನಲ್ಲಿ ಆಕೆ ಒಡತಿಗೆ ಕೇಳುವಂತೆಯೇ, "ಯಂತ್ರ ಆರಾಮ ಐತೇನ್ರಿ?" ಎನ್ನುವಳು. "ಆರಾಮ ಐತಿ" ಎನ್ನುವೆ. "ಚಲೋ ಆತ ಬಿಡ್ರಿ" ಎನ್ನುವ ಆಕೆಯ ದನಿಯಲ್ಲಿ ಚಲೋ ಏನೂ ಇರುತ್ತಿರಲಿಲ್ಲ.

ಹೀಗೆ ನಾಲ್ಕು ತಿಂಗಳು ಕಳೆದವು. ಒಂದು ಸೋಮವಾರ, ಎಲ್ಲೋ ಮಲಗಿದ್ದ ಅರ್ಜಿ ಎದ್ದು ಕೂತಿತು. ಸುಮಂಗಲಾಗೆ ಬೈಲಹೊಂಗಲದ ಹೈಸ್ಕೂಲಿಗೇ ವರ್ಗವಾಯಿತು. ಗುರುವಾರ ಆಕೆ ಟ್ರಂಕು, ಸ್ಟವ್ವು, ರೊಟ್ಟಿ ಹಂಚುಗಳ ಸಮೇತ ಬಂದು ಇಳಿದಳು. ಶುಕ್ರವಾರ ಮುಂಜಾನೆ ನಾನು ಒಂದು ಕಿಲೊ ಪೇಢೆ ಕಟ್ಟಿಸಿಕೊಂಡು ಕಚೇರಿಗೆ ಹೋದೆ. ಮೊದಲ ಪೇಢೆ ಪಾಟೀಲರಿಗೆ ಎಂದು ಅವರ ಕೋಣೆಗೆ ಹೊಕ್ಕು ಡಬ್ಬಿ ತೆರೆದರೆ ಅವರ ಮುಖ ಅರಳಿತು. "ಅಲ್ರಿ, ಸುದ್ದಿ ಆಗಲೇ ನಿಮಗ ಮುಟ್ಟಿತೇನು? ರಾತ್ರಿ ಠರಾವು ಆಗೇತಿ, ಮುಂಜಾನಿ ಪೇಢೆ ಬಂತಲ್ಲ" ಎಂದರು.

ಯಾವ ಠರಾವು ಎಂದು ನಾನು ಕೇಳುವ ಮೊದಲೇ ಅವರು ಒಂದು ಪೇಢೆ ಬಾಯಿಗೆ ಹಾಕಿಕೊಂಡು, ಮೇಜಿನ ಮೇಲಿದ್ದ ಆಡಳಿತ ಮಂಡಳಿಯ ನಿರ್ಣಯದ ಕಾಗದ ನನ್ನ ಕೈಗೆ ಕೊಟ್ಟರು. ಸಂಸ್ಥೆಯ ಕಂಪ್ಯೂಟರ್ ವಿಭಾಗವನ್ನು ರಾಮದುರ್ಗದಲ್ಲಿ ತೆರೆಯುವುದು; ಅಲ್ಲಿಯ ದೋಷಗಳು ಅತಿಸೂಕ್ಷ್ಮ ಸ್ವರೂಪದವಾಗಿದ್ದು ಖುದ್ದು ಹಾಜರಾತಿಯಿಲ್ಲದೆ ಪರಿಹಾರ ಸಾಧ್ಯವಿಲ್ಲದ ಕಾರಣ ನನ್ನನ್ನು ಕಾಯಂ ಆಗಿ ಅಲ್ಲಿಗೆ ನಿಯೋಜಿಸುವುದು. ಹೆಚ್ಚುಕಡಿಮೆ ನನ್ನ ವಾಕ್ಯವನ್ನೇ ಬರೆದುಕೊಂಡಿದ್ದರು. ಪಾಟೀಲರು ಪೇಢೆ ನುಂಗಿ, ತಂದೆಯ ದನಿಯಲ್ಲಿ ಹೇಳಿದರು. "ನಾ ಏನ ಹುಚ್ಚ ಅಲ್ರಿ. ಗುರುವಾರ ಗುರುವಾರ ಯಾಕ ಓಡತಿದ್ರಿ ಅಂತ ನನಗ ಗೊತ್ತೈತಿ. ನನಗೂ ಒಂದು ಕಾಲದಾಗ ಹೊಸದಾಗಿ ಲಗ್ನ ಆಗಿತ್ತು. ನಾಕ ತಿಂಗಳಿಂದ ನಿಮ್ಮ ಮಾರಿ ನೋಡಾಕ ಆಗವಲ್ದು. ಮೆಂಬರಮಂದಿ ಬ್ಯಾಡ ಅಂದ್ರೂ ಜಗಳಾಡಿ ಒಪ್ಪಿಸೇನಿ. ಸೋಮವಾರ ಹಾಜರಾಗ್ರಿ. ಇನ್ನ ಗಂಡ ಹೆಂಡ್ತಿ ಒಂದ ಊರಾಗ ಆರಾಮ ಇರ್ರಿ."

ಇಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಹೇಗೆ ಬೇಡ ಎನ್ನುವುದು? ಆದರೂ, "ಸರ, ಆಕಿ ನಿನ್ನೆ..." ಎಂದು ಶುರುಮಾಡಿದೆ. ಅವರು ಕೈ ಎತ್ತಿ, "ಏನೂ ಹೇಳಬ್ಯಾಡ್ರಿ, ನನಗ ತಿಳೀತೈತಿ" ಎಂದು ಇನ್ನೊಂದು ಪೇಢೆ ತೆಗೆದುಕೊಂಡರು. ಜಗಳಾಡಿ ಮಾಡಿಸಿದ ಠರಾವನ್ನು ಹಿಂದಕ್ಕೆ ತೆಗೆದುಕೊಳ್ಳಿರಿ ಎಂದು ಆಮೇಲೆ ಕೇಳುವ ಧೈರ್ಯ ನನಗೆ ಬರಲೇ ಇಲ್ಲ.

ಮನೆಗೆ ಬಂದು ಕಾಗದವನ್ನು ಸುಮಂಗಲಾಳ ಕೈಗಿಟ್ಟೆ. ಆಕೆ ಟ್ರಂಕಿನಿಂದ ಪಾತ್ರೆ ತೆಗೆದು ಗೂಡಿನಲ್ಲಿ ಜೋಡಿಸುತ್ತಿದ್ದಳು. ನಿಂತುಕೊಂಡೇ ಓದಿದಳು, ಆಮೇಲೆ ಟ್ರಂಕಿನ ಮೇಲೆ ಕೂತು ಇನ್ನೊಮ್ಮೆ ಓದಿದಳು. ನಗುತ್ತಾಳೋ ಅಳುತ್ತಾಳೋ ತಿಳಿಯಲಿಲ್ಲ, ಪ್ರಾಯಶಃ ಆಕೆಗೂ ತಿಳಿದಿರಲಿಲ್ಲ. "ಇಷ್ಟ ದಿನ ನಿಮಗ ಅಲ್ಲಿಗೆ ಬರಾಕ ಸರ್ವರಿನ ನೆವ ಇತ್ತು" ಎಂದಳು. "ಇನ್ನ ಸರ್ವರೂ ಅಲ್ಲೇ, ನೀವೂ ಅಲ್ಲೇ. ಇಲ್ಲಿಗೆ ಬರಾಕ ಏನಂತ ಬರೀತೀರಿ?"

ರಾಮದುರ್ಗದಲ್ಲಿ ನಾನು ಮೂರು ವರ್ಷ ಆ ಸರ್ವರಿನ ಎದುರಿಗೇ ಕೂತು ಇದನ್ನೇ ಯೋಚಿಸಿದೆ. ಆ ಮೂರು ವರ್ಷದಲ್ಲಿ ಬೈಲಹೊಂಗಲದ ಸರ್ವರ್ ಒಂದೇ ಒಂದು ದಿನವೂ ಕೆಡಲಿಲ್ಲ. ಹಾಗೆ ಗಟ್ಟಿಯಾಗಿ ಅದನ್ನು ಕೂಡಿಸಿಟ್ಟು ಬಂದವನು ನಾನೇ.