ಸೌಭಾಗ್ಯ, ಡಾರ್ಮ್‌ಸ್ಟಾಟ್

ಇಪ್ಪತ್ತೆರಡು ಅಕ್ಷರ ಹಿಡಿಸುವ ಒಂದು ಖಾಲಿ ಜಾಗ ಉದಯಕುಮಾರನಿಗೆ ಮುಳುವಾಯಿತು.

ಆ ಜಾಗ ಇದ್ದದ್ದು ಅವನ ಕಂಪ್ಯೂಟರಿನ ಪರದೆಯ ಮೇಲೆ. ಕ್ರೆಡಿಟ್ ಕಾರ್ಡಿನಿಂದ ದುಡ್ಡು ಹೋದಾಗ ಯಾರಿಗೆ ಹೋಯಿತೆಂದು ತಿಂಗಳ ಬಿಲ್ಲಿನಲ್ಲಿ ಒಂದು ಸಾಲು ಬರುತ್ತದಲ್ಲ, ಅದರಲ್ಲಿ ಅಚ್ಚಾಗಬೇಕಾದ ಹೆಸರನ್ನು ಅಲ್ಲಿ ತುಂಬಬೇಕಿತ್ತು. ಪಕ್ಕದಲ್ಲಿ ಗಿರಾಕಿಗಳು ವಿಚಾರಿಸಿಕೊಳ್ಳಲು ಒಂದು ಫೋನ್ ನಂಬರ್. "ಸದ್ಯಕ್ಕೆ ಏನಾದರೂ ಹಾಕಿ ಪರೀಕ್ಷೆ ಮಾಡಿ, ನಿಜವಾದ ಹೆಸರು ಆಮೇಲೆ ಬರುತ್ತದೆ" ಎಂದಿದ್ದರು ಮ್ಯಾನೇಜರ್ ಹೆರ್ ಬ್ರಾಂಡ್ಲ್. ಉದಯಕುಮಾರ ಬಾಗಲಕೋಟೆ ಕಡೆಯವನು. ಆ ಕಡೆ ಲಾರಿ ಕೊಂಡರೂ ಹಿಟ್ಟಿನ ಗಿರಣಿ ಹಾಕಿದರೂ ಹೆಂಡತಿಯ ಹೆಸರೇ. ಹಿಂದೆಮುಂದೆ ನೋಡದೆ ಹೆಂಡತಿಯ ಹೆಸರಿಗೆ ತಾವಿದ್ದ ಜರ್ಮನಿಯ ಊರನ್ನು ಸೇರಿಸಿ 'ಸೌಭಾಗ್ಯ, ಡಾರ್ಮ್‌ಸ್ಟಾಟ್' ಎಂದು ತುಂಬಿದ. ಬಾಯಿಪಾಠವಾಗಿದ್ದ ಜರ್ಮನ್ ನಂಬರ್ ಒಂದೇ, ಮನೆಯದು, ಅದನ್ನೇ ಹಾಕಿದ. ನಿಜವಾದ ಹೆಸರು ಬರಲಿಲ್ಲ. ಗಿರಾಕಿಗಳು ಬಂದರು.

ಗಿರಾಕಿಗಳೆಂದರೆ ಇಂಟರ್‌ನೆಟ್ಟಿನಲ್ಲಿ ಜೂಜಾಡುವವರು. ಆನ್‌ಲೈನ್ ಕ್ಯಾಸಿನೊ ಎಂದರೆ ಬ್ಯಾಂಕುಗಳು ಮೈಲಿಗೆಯೆಂಬಂತೆ ದೂರ ನಿಲ್ಲುತ್ತವೆ. ಉದಯಕುಮಾರನ ಕಂಪನಿ ನಡುವೆ ನಿಂತು, ಕ್ಯಾಸಿನೊದ ದುಡ್ಡನ್ನು ಒಂದು ಬ್ಯಾಂಕಿನ ಮೂಲಕ ದಾಟಿಸಿ ಕಮಿಷನ್ ತೆಗೆದುಕೊಳ್ಳುತ್ತಿತ್ತು. ತೊಂದರೆ ಇದ್ದದ್ದು ಗಂಡಂದಿರಿಂದ. ಸೋತವನು ಹೆಂಡತಿಯ ಕೈಗೆ ಸಿಕ್ಕಿಬಿದ್ದ ಕೂಡಲೇ "ಇದು ನಾನಲ್ಲ, ಯಾರೋ ನನ್ನ ಕಾರ್ಡು ಕದ್ದಿದ್ದಾರೆ" ಎಂದು ದೂರು ಕೊಡುತ್ತಾನೆ. ಬ್ಯಾಂಕು ದುಡ್ಡು ವಾಪಸು ಮಾಡಬೇಕಾಗುತ್ತದೆ. ಅಂಥ ದೂರು ಹೆಚ್ಚಾದರೆ ಬ್ಯಾಂಕು ಕಂಪನಿಯನ್ನೇ ಹೊರಗೆ ಹಾಕುತ್ತದೆ. ಉದಯಕುಮಾರ ಮಾತ್ರ ಬೀಗರಿಗೆಲ್ಲ "ಬ್ಯಾಂಕಿನ ಕೆಲಸ" ಎಂದೇ ಹೇಳಿ ಮದುವೆಯಾಗಿದ್ದ.

ಅದು ಯೂರೋ ನೋಟು ಬಂದ ವರ್ಷ. ಜರ್ಮನಿ ಕಂಪ್ಯೂಟರಿನವರಿಗೆಂದು ಕೊಡುತ್ತಿದ್ದ ಗ್ರೀನ್ ಕಾರ್ಡಿನ ಮೇಲೆ ಬಂದವನ ಆರು ತಿಂಗಳ ಪ್ರೊಬೇಷನ್ ಆ ಶುಕ್ರವಾರ ಸಂಜೆಗೆ ಮುಗಿಯುತ್ತಿತ್ತು. ಕಂಪನಿ ಬೇಡವೆಂದರೆ ಕೆಲಸ ಹೋಗುತ್ತದೆ. ಕೆಲಸದ ಬೆನ್ನಿಗೆ ಪರ್ಮಿಟ್ಟು, ಪರ್ಮಿಟ್ಟಿನ ಬೆನ್ನಿಗೆ ಗಂಡಹೆಂಡತಿ ಇಬ್ಬರೂ.

ಅದೇ ಶುಕ್ರವಾರ ಹತ್ತೂವರೆಗೆ ಊರಿಗೆಲ್ಲ ಅಂಚೆ ಬಟವಾಡೆಯಾಯಿತು. ಹತ್ತು ಐವತ್ತಕ್ಕೆ ಮನೆಯಿಂದ ಆಫೀಸಿಗೆ ಫೋನು.

"ರೀ, ಯಾವಾಕಿನೋ ಒಬ್ಬಾಕಿ ಫೋನ್ ಮಾಡಿದ್ಲು. ನೀ ಸೌಭಾಗ್ಯ ಏನು ಅಂದ್ಲು. ಹೌದ್ರಿ ಅಂದೆ. ಒದರಾಕ ಹತ್ತಿದ್ಲು ನೋಡ್ರಿ!"

"ಏನಂತ?"

"ಅಷ್ಟು ಜೋರ ಒದರಿದ್ರ ತಿಳೀತೈತೇನು? ನಮ್ಮ ಜರ್ಮನ್ ಕ್ಲಾಸಿನಾಗ ಇನ್ನ ಕಾಯಿಪಲ್ಲೆ ಪಾಠ ನಡದೈತಿ. ನನ್ನ ಗಂಡ, ನನ್ನ ಗಂಡ ಅಂತಿದ್ಲು, ಅದೊಂದ ತಿಳೀತು. ಆರಾಮ ಅದಾರೇನು ಅಂತ ಕೇಳಿದೆ."

"ಯಾರು?"

"ಆಕಿ ಗಂಡ. ಕೇಳಬೇಕಲ್ರಿ, ಅಷ್ಟು ದೂರದಿಂದ ಫೋನ್ ಮಾಡ್ಯಾಳ."

ಉದಯಕುಮಾರನ ಮುಖ ಹಿಂಡಿ ಹಾಕಿದ ಒರೆಸುಬಟ್ಟೆಯಂತಾಯಿತು. ಬಿಲ್ಲುಗಳ ಪಟ್ಟಿ ತೆರೆದು ನೋಡಿದ. ಸೌಭಾಗ್ಯಳ ಹೆಸರು ಹೊತ್ತು ಮೂರು ಸಾವಿರ ಮನೆಗಳಿಗೆ ಬಿಲ್ಲು ಹೋಗಿತ್ತು.

"ಇನ್ನ ಫೋನ್ ಎತ್ತಬ್ಯಾಡ."

"ಅವ್ವ ಮಾಡಿದ್ರ?"

"ಅವ್ವ ಮಾಡಿದ್ರೂ ಎತ್ತಬ್ಯಾಡ."

"ನಿಮ್ಮವ್ವ ಮಾಡಿದ್ರ ಎತ್ತಂಗಿಲ್ಲ. ನಮ್ಮವ್ವಂದು ಹೆಂಗ ಬಿಡಲಿ?"

ಅಷ್ಟಕ್ಕೆ ಮಾತು ನಿಂತಿತು. ಊಟದ ಹೊತ್ತಿಗೆ ಅವನೇ ಮನೆಗೆ ಫೋನ್ ಮಾಡಿದ. ಹನ್ನೊಂದು ಸಲ ಎಂಗೇಜ್. ಹನ್ನೆರಡನೆಯ ಸಲ ಸಿಕ್ಕಿತು. ಎತ್ತಿದವರು ಮೇಲಿನ ಮನೆಯ ಗೌರಕ್ಕ. ಗಂಡನ ಜೊತೆ ಆರು ವರ್ಷದಿಂದ ಜರ್ಮನಿಯಲ್ಲಿದ್ದು, ಉಸಿರು ತೆಗೆದುಕೊಳ್ಳದೆ ಜರ್ಮನ್ ಮಾತಾಡುವ ಹೆಂಗಸು.

"ಇಪ್ಪತ್ತಮೂರು ಫೋನ್ ಬಂದಾವು ತಮ್ಮಾ. ಸೌಭಾಗ್ಯ ಅಳಾಕ ಹತ್ತಿತ್ತು, ಅದಕ್ಕ ನಾನ ಕುಂತೀನಿ. ನೀ ಕೆಲಸ ಮಾಡೂದು ಬ್ಯಾಂಕ್ ಅಲ್ಲಂತಲ್ಲೋ, ಜೂಜಿನ ಅಡ್ಡೆ ಅಂತಲ್ಲ!"

"ಯಾರಂದ್ರು ಅಕ್ಕಾರ?"

"ಆಡಿದಾವನ ಅಂದ. ಫೋನ್ ಮಾಡಿದ ಅವನ ಹೆಂಡತಿಗೆ 'ನಿನ್ನ ಗಂಡನ್ನ ಫೋನಿಗೆ ಕರಿ, ನಿನ್ನ ಮುಂದ ನಾ ಕೇಳ್ತೀನಿ' ಅಂದೆ. ಎರಡ ನಿಮಿಷಕ್ಕ ಕಕ್ಕಿದ. ಈಗ ಎಲ್ಲಾರಿಗೂ ಅದ ಔಷಧ. ಒಬ್ಬಾವಂತೂ ಜೂಜಷ್ಟ ಅಲ್ಲ, ಬ್ಯಾರೆ ಎಲ್ಲೆಲ್ಲಿ ಹೋಗಿದ್ದ ಅದೂ ಹೇಳಿಬಿಟ್ಟ. ನಾ ಏನ ಅದನ್ನ ಕೇಳಿರಲಿಲ್ಲ."

"ಅಕ್ಕಾರ, ಕೈ ಮುಗೀತೀನಿ, ಫೋನ್ ವೈರ್ ಕಿತ್ತಿಡ್ರಿ."

"ಯಾಕ? ಇನ್ನ ಎಷ್ಟ ಮಂದಿ ಹೆಣ್ಮಕ್ಕಳಿಗೆ ಖರೆ ಗೊತ್ತಾಗಬೇಕೈತಿ. ಎಂಥಾ ಗಂಡಸರೋ ಯಪ್ಪಾ! ನಮ್ಮ ಮನಿಯವರನ್ನ ನೋಡು, ಚಹಾಕ್ಕ ಸಕ್ರಿ ಹಾಕ್ಕೊಳ್ಳಾಕೂ ನನ್ನ ಕೇಳ್ತಾರ. ಇಡು ಇನ್ನ, ಲೈನ್ ಹಿಡಕೊಂಡು ಕುಂದ್ರಬ್ಯಾಡ."

ಸಂಜೆ ನಾಲ್ಕಕ್ಕೆ ಹೆರ್ ಬ್ರಾಂಡ್ಲ್ ಕರೆಸಿದರು. ಉದಯಕುಮಾರ ಕ್ಷಮಾಪಣೆಯ ಎರಡು ಜರ್ಮನ್ ವಾಕ್ಯ ಉರುಹೊಡೆದುಕೊಂಡು ಒಳಗೆ ಹೋದ.

"ಈ ಸೌಭಾಗ್ಯ ಯಾರು?"

"ನನ್ನ ಹೆಂಡತಿ." ಉರುಹೊಡೆದದ್ದು ಮರೆತುಹೋಗಿತ್ತು.

"ಬ್ಯಾಂಕಿನಿಂದ ಫೋನ್ ಬಂದಿತ್ತು. ಬಿಲ್ಲು ತಲುಪಿದ ದಿನ ಎಪ್ಪತ್ತು ದೂರಾದರೂ ಬರುತ್ತವೆ. ಇವತ್ತು ಎರಡು ಬಂದಿವೆ. ಎರಡೂ ಮದುವೆಯಾಗದವರದು."

ಉದಯಕುಮಾರನಿಗೆ ಆಗ ಹೊಳೆಯಿತು. ಹೆಂಡತಿಯ ಎದುರು ಒಪ್ಪಿಕೊಂಡ ಮೇಲೆ ಯಾವ ಗಂಡ ಕಾರ್ಡು ಕಳುವಾಯಿತೆಂದು ಹೇಳಿಯಾನು?

"ಬ್ಯಾಂಕಿನ ಅಧಿಕಾರಿ ತಾವೇ ಆ ನಂಬರಿಗೆ ಫೋನ್ ಮಾಡಿ ನೋಡಿದರಂತೆ. ಒಬ್ಬ ಹೆಂಗಸು ಎತ್ತಿ, ನಿಮ್ಮ ಹೆಂಡತಿಯನ್ನು ಕರೆಯಿರಿ ಎಂದರಂತೆ. ನಾನು ಬ್ಯಾಂಕಿನವನು ಎಂದರೂ ಬಿಡಲಿಲ್ಲವಂತೆ. ಇಂಥ ಗ್ರಾಹಕ ಸೇವೆಯನ್ನು ಇಪ್ಪತ್ತು ವರ್ಷದಲ್ಲಿ ಕಂಡಿಲ್ಲ ಎಂದರು." ಬ್ರಾಂಡ್ಲ್ ನಗಲಿಲ್ಲ, ನಗುವ ಅಭ್ಯಾಸ ಅವರಿಗಿರಲಿಲ್ಲ. ಕಾಯಂ ಕೆಲಸದ ಕರಾರುಪತ್ರವನ್ನು ಮೇಜಿನ ಮೇಲೆ ಸರಿಸಿದರು. "ಎರಡು ಷರತ್ತು. ಆ ಹೆಸರು, ಆ ನಂಬರು ಬದಲಾಗಕೂಡದು. ಬ್ಯಾಂಕು ಅದನ್ನು ನೋಡಿಯೇ ಒಪ್ಪಿದೆ. ಇನ್ನೊಂದು, ಎಲ್ಲರಿಗೂ ಇರುವುದೇ. ಯಾರು ಆಡುತ್ತಾರೆಂದು ನಿಮ್ಮ ಬಾಯಿಂದ ಹೊರಗೆ ಹೋಗಕೂಡದು. ಹೋದರೆ ಅದೇ ದಿನ ನೀವೂ ಹೋಗುತ್ತೀರಿ."

ಉದಯಕುಮಾರ ಬ್ರಾಂಡ್ಲರ ಮನಸ್ಸು ಬದಲಾಗುವ ಮುಂಚೆ ಸಹಿ ಹಾಕಿದ. ಬರುವ ದಾರಿಯಲ್ಲಿ ಟ್ರಾಮಿನಿಂದ ಇಳಿದು ಒಂದು ಸ್ಟ್ರಾಬೆರಿ ಕೇಕು ಕೊಂಡ.

ಬಾಗಿಲು ತೆಗೆದಾಗ ಮನೆಯಲ್ಲಿ ಯಾರೂ ಕೇಕು ತಿನ್ನುವ ಸ್ಥಿತಿಯಲ್ಲಿರಲಿಲ್ಲ. ಸೋಫಾದ ನಡುವೆ ಗೌರಕ್ಕ, ಕೈಯಲ್ಲಿ ಒಡೆದ ಲಕೋಟೆ. ಎದುರಿಗೆ ಅವರ ಗಂಡ, ಕಾರಿನ ಬ್ರೇಕು ತಯಾರಿಸುವ ಕಂಪನಿಯ ಇಂಜಿನಿಯರ್ ಚನ್ನಮಲ್ಲಪ್ಪ, ಬ್ರೇಕು ಕೈಕೊಟ್ಟ ಕಾರಿನಲ್ಲಿ ಕುಳಿತವರಂತೆ ಕುಳಿತಿದ್ದರು. ಸೌಭಾಗ್ಯ ಅಡಿಗೆಮನೆಯ ಬಾಗಿಲಿಗೆ ಒರಗಿದ್ದಳು.

"ನಮ್ಮ ಅಂಚೆ ಡಬ್ಬಿ ಈಗ ತಗದೆ. ಇದನ್ನ ಓದು ತಮ್ಮಾ. ಜೋರಾಗಿ ಓದು."

"ಸೌಭಾಗ್ಯ, ಡಾರ್ಮ್‌ಸ್ಟಾಟ್. ನೂರ ಎಂಬತ್ತು ಯೂರೋ."

"ಮುಂಜಾನಿಂದ ಊರ ಗಂಡರನ್ನೆಲ್ಲಾ ತೊಳದ ಹಾಕೀನಿ. ಈಗ ಇವರ ಪಾಳಿ. ಹೇಳ್ರಿ, ಆಡೀರೋ ಇಲ್ಲೋ?"

ಚನ್ನಮಲ್ಲಪ್ಪ ನೆಲದ ಹಾಸನ್ನು ನೋಡಿದರು, ಕಿಟಕಿಯನ್ನು ನೋಡಿದರು, ಕೊನೆಗೆ ಸೌಭಾಗ್ಯಳನ್ನು ನೋಡಿದರು. ಮುಖಕ್ಕೆ ಒಮ್ಮೆಲೆ ಕಳೆ ಬಂತು.

"ಜೂಜೆಲ್ಲಿಂದು ತಂದಿ ಗೌರಾ? ಅದು ರೊಟ್ಟಿದು. ಜ್ವಾಳದ ರೊಟ್ಟಿ ಮಾಡಿಕೊಡವಾ ಅಂತ ಸೌಭಾಗ್ಯಂಗ ಅಡ್ವಾನ್ಸ್ ಕೊಟ್ಟೀನಿ. ನಿನಗ ಹೇಳಲಾರದ ತಂದು ಖುಷಿ ಮಾಡಬೇಕಂತಿದ್ದೆ."

"ಕಾರ್ಡಿನ ಮ್ಯಾಲೆ?"

"ಉದಯನ ಕಂಪನ್ಯಾಗ ಅದ ಅಲ್ಲೇನು ಕೆಲಸ? ಅವನ ಮಾಡಿಕೊಟ್ಟ. ಹೌದಲ್ಲೋ ತಮ್ಮಾ?"

ಮೂವರೂ ಉದಯಕುಮಾರನ ಕಡೆ ತಿರುಗಿದರು. ಅಲ್ಲವೆಂದರೆ, ಆಡಿದವರ ಹೆಸರು ಅವನ ಬಾಯಿಂದಲೇ ಹೊರಗೆ ಬಂದಂತೆ. ಹಗಲು ಫೋನ್ ಮಾಡಿದ್ದ ಬ್ಯಾಂಕಿನ ಅಧಿಕಾರಿಯ ನಂಬರು ಗೌರಕ್ಕನ ಬಳಿ ಇತ್ತು, ಅವರು ಅಲ್ಲಿಗೆ ಹೇಳಿದರೆ ಸಹಿ ಹಾಕಿದ ದಿನವೇ ಕೆಲಸ ಹೋಗುತ್ತಿತ್ತು.

"ಹೌದ್ರಿ ಅಣ್ಣಾರ," ಎಂದ.

ಗೌರಕ್ಕನ ಹಣೆಯ ಗೆರೆಗಳು ಸಡಿಲವಾದವು. "ಅಯ್ಯ ಸೌಭಾಗ್ಯ, ಮೊದಲ ಹೇಳಬಾರದೇನ! ಒಂದಕ್ಕ ಅರ್ಧ ಯೂರೋ ಹಿಡದ್ರೂ ಮುನ್ನೂರ ಅರವತ್ತು ಆತು. ಎಲ್ಲಾ ಒಮ್ಮೆಲೆ ಬ್ಯಾಡ ಮತ್ತ. ವಾರಕ್ಕ ಮೂವತ್ತು ಸಾಕು. ತೆಳ್ಳಗ ಇರಲಿ."

ಹೋಗುವಾಗ ಚನ್ನಮಲ್ಲಪ್ಪ ಬಾಗಿಲಲ್ಲಿ ಉದಯಕುಮಾರನ ಕೈ ಗಟ್ಟಿಯಾಗಿ ಹಿಡಿದು ಪಿಸುಗುಟ್ಟಿದರು. "ಜೀವ ಉಳಿಸಿದಿ ತಮ್ಮಾ. ಅಬ್‌ಸ್ಟಾಟ್‌ದಾಗ ನಮ್ಮ ದೋಸ್ತ ಮಹಾಲಿಂಗಪ್ಪನೂ ಹಿಂಗ ಸಿಕ್ಕೊಂಡಾನ, ಅವನಿಗೂ ಈ ಉಪಾಯ ಹೇಳ್ತೀನಿ."

ಅರ್ಧ ಗಂಟೆಯಲ್ಲಿ ಫೋನು ಬಂತು. ಮಹಾಲಿಂಗಪ್ಪನ ಹೆಂಡತಿ ಗಂಗವ್ವ. ಮನೆಯವರು ಮುನ್ನೂರು ಯೂರೋ ಕೊಟ್ಟಿದ್ದಾರಂತಲ್ಲ, ಐತವಾರ ಬಂದರೆ ಮೊದಲ ನೂರು ಸಿಕ್ಕಾವೇನು ಎಂದು ಕೇಳಿದರು. ಅದರ ಬೆನ್ನಿಗೆ ಫೊಯರ್‌ಬಾಕ್‌ನಿಂದ ಶರಣಪ್ಪನ ಮನೆಯವರು, ಇನ್ನೂರ ಇಪ್ಪತ್ತು. ಅವರಿಗೆ ಎಳ್ಳು ಹಚ್ಚಿದ್ದು ಬೇಕಂತೆ. ಏಳು ಗಂಟೆಗೆ ಲೆಕ್ಕ ಸಾವಿರದ ನಾನೂರು ರೊಟ್ಟಿಗೆ ಬಂದು ನಿಂತಿತು. ಬಿಲ್ಲು ತಿಂಗಳಿಗೊಮ್ಮೆ ಬರುತ್ತದೆ ಎಂಬುದು ಉದಯಕುಮಾರನಿಗೆ ಆಗ ನೆನಪಾಯಿತು.

ಅವನು ಹೆಂಡತಿಯ ಪಕ್ಕ ಕುಳಿತು ಮೆಲ್ಲಗೆ ಕೇಳಿದ. "ಎಷ್ಟ ದಿನ ಹಿಡೀತೈತಿ ಸೌಭಾಗ್ಯ?"

"ನನ್ನ ಯಾಕ ಕೇಳ್ತೀರಿ?" ಸೌಭಾಗ್ಯ ಕೇಕಿನ ದೊಡ್ಡ ತುಂಡೊಂದನ್ನು ತನ್ನ ತಟ್ಟೆಗೆ ಹಾಕಿಕೊಂಡಳು. "ನಾ ಹಾಸ್ಟೆಲಿನ್ಯಾಗ ಬೆಳದಾಕಿ. ಮದುವಿ ಆದಾಗಿಂದ ಈ ಮನ್ಯಾಗ ರೊಟ್ಟಿ ಬಡಿಯೋರು ನೀವಲ್ಲೇನ್ರಿ?"